ಅಂಗಿ ಹರಿದದ್ದು ಯಾವ ಕಡೆಯಿಂದ?

ನನ್ನ ತಂಗಿಯ ಮಗಳು ತುಮಕೂರಿನಲ್ಲಿ ಡಿಗ್ರಿ ಓದುತ್ತಿದ್ದಾಳೆ. ಸತ್ಯಮಂಗಲದ ನಮ್ಮ ಮನೆಗೆ ಬಂದಾಗಲೆಲ್ಲ ಅವಳ ಕೈಯಲ್ಲಿ ಮೊಬೈಲ್ ಇದ್ದೇ ಇರುತ್ತದೆ. ಕೆಲವು ತಿಂಗಳ ಹಿಂದೆ ಬಂದವಳು ಕೇಳಿದಳು: "ಖಾಲಾ, ನಮ್ಮ ಕ್ಲಾಸಿನವರು ಒಂದು ಅನಿಮೆ ನೋಡ್ತಿದ್ದಾರೆ. ಪ್ರೀತಿ ಹುಚ್ಚಾಗೋ ಕಥೆಯಂತೆ. ಅಮ್ಮಿ ಬೇಡ ಅಂತಾರೆ. ನೀವು ಕಥೆ ಬರೆಯೋರು, ನೀವೇ ಹೇಳಿ, ನೋಡಬಹುದಾ?"

ನೋಡದೆ ಹೇಳುವುದು ಹೇಗೆ? ಮೊದಲು ನಾನು ನೋಡುತ್ತೇನೆ ಎಂದೆ. ಮನೆಯವರೆಲ್ಲ ಮಲಗಿದ ಮೇಲೆ ನಾಲ್ಕು ರಾತ್ರಿ ಕುಳಿತು ಅದನ್ನು ನೋಡಿ ಮುಗಿಸಿದೆ.

ಅನಿಮೆ ಎಂದರೆ ಜಪಾನಿನ ಕಾರ್ಟೂನ್. ನಮ್ಮ ಮಕ್ಕಳು ಟಿವಿಯಲ್ಲಿ ನೋಡುತ್ತಾ ಬೆಳೆದ ಡೋರೆಮಾನ್, ಶಿನ್-ಚಾನ್ ಕೂಡ ಅನಿಮೆಗಳೇ. ಆದರೆ ಕಾರ್ಟೂನ್ ಎಂದರೆ ಮಕ್ಕಳಿಗೆ ಮಾತ್ರ ಎಂಬ ನಿಯಮ ಅಲ್ಲಿಲ್ಲ. ದೊಡ್ಡವರಿಗಾಗಿಯೇ, ಅದರಲ್ಲೂ ಗಟ್ಟಿ ಮನಸ್ಸಿನ ದೊಡ್ಡವರಿಗಾಗಿಯೇ ಮಾಡಿದವು ಬೇಕಾದಷ್ಟಿವೆ. ನಾನು ನೋಡಿದ್ದು 'ಹ್ಯಾಪಿ ಶುಗರ್ ಲೈಫ್'. ತೊಮಿಯಾಕಿ ಕಾಗಿಸೋರಾ ಅವರ ಚಿತ್ರಕಥೆಯ ಪುಸ್ತಕವನ್ನು ಆಧರಿಸಿದ ಇದು 2018ರ ಜುಲೈಯಿಂದ ಸೆಪ್ಟೆಂಬರ್‌ವರೆಗೆ ಜಪಾನಿನ ಟಿವಿಯಲ್ಲಿ 12 ಕಂತುಗಳಲ್ಲಿ ಬಂತು.

ಕಥೆಯ ನಾಯಕಿ ಸಾತೋ, ಹೈಸ್ಕೂಲು ಹುಡುಗಿ. ಅವಳ ಜೊತೆ ಒಂದು ಫ್ಲ್ಯಾಟಿನಲ್ಲಿ ಶಿಯೋ ಎಂಬ ಪುಟ್ಟ ಹುಡುಗಿ ಇದ್ದಾಳೆ. ಜಪಾನಿ ಭಾಷೆಯಲ್ಲಿ ಸಾತೋ ಎಂದರೆ ಸಕ್ಕರೆ, ಶಿಯೋ ಎಂದರೆ ಉಪ್ಪು. ಶಿಯೋಳನ್ನು ಕಂಡಾಗ ಸಾತೋಳ ಮನಸ್ಸಿಗೆ ಸಿಹಿ ಎನಿಸುತ್ತದೆ, ಮಿಕ್ಕ ಜಗತ್ತೆಲ್ಲ ಕಹಿ. ಆ ಸಿಹಿಗೆ ಅವಳು ಪ್ರೀತಿ ಎಂದು ಹೆಸರಿಟ್ಟುಕೊಂಡಿದ್ದಾಳೆ. ಅದನ್ನು ಕಾಪಾಡಿಕೊಳ್ಳಲು ಮಗುವನ್ನು ಹೊರಗೆ ಬಿಡುವುದಿಲ್ಲ. ಇತ್ತ ಮಗುವಿನ ಅಣ್ಣ ಅಸಾಹಿ ತಂಗಿಯ ಚಿತ್ರವಿರುವ ಚೀಟಿಗಳನ್ನು ಹಿಡಿದು ಬೀದಿ ಬೀದಿ ಅಲೆಯುತ್ತಿದ್ದಾನೆ. ಆ ಮನೆಯ ಗುಟ್ಟಿನ ಹತ್ತಿರ ಬಂದವರ ಗತಿ ನೆಟ್ಟಗಿರುವುದಿಲ್ಲ. ಸಾತೋಳ ಒಬ್ಬಳೇ ಒಬ್ಬ ಗೆಳತಿಗೂ ಅದೇ ಗತಿಯಾಗುತ್ತದೆ.

ಇದನ್ನೆಲ್ಲ ಚಿತ್ರಕಾರರು ಗುಲಾಬಿ ಬಣ್ಣದಲ್ಲಿ ತೋರಿಸಿದ್ದಾರೆ. ಸಾತೋ ಮತ್ತು ಶಿಯೋ ಒಬ್ಬರಿಗೊಬ್ಬರು ಮದುವೆಯ ಪ್ರತಿಜ್ಞೆಯಂಥ ಮಾತು ಹೇಳಿಕೊಳ್ಳುತ್ತಾರೆ, ಒಟ್ಟಿಗೆ ಊಟ ಮಾಡುತ್ತಾರೆ, ನಗುತ್ತಾರೆ. ನೋಡುವವರಿಗೂ ಒಂದು ಗಳಿಗೆ ಇದು ಸುಖದ ಸಂಸಾರ ಎನಿಸುತ್ತದೆ. ಮರುಗಳಿಗೆ ಬಾಗಿಲಿನ ನೆನಪಾಗುತ್ತದೆ. ಆ ಬಾಗಿಲು ಮುಚ್ಚಿದೆ.

ನನ್ನ ತಂಗಿಯ ಆಕ್ಷೇಪ ಸರಳವಾಗಿತ್ತು. "ಇಂಥ ಗಲೀಜು ನೋಡಿದರೆ ತಲೆ ಕೆಡುತ್ತೆ ಆಪಾ. ಒಳ್ಳೆಯ ಪ್ರೀತಿಯ ಕಥೆಗಳು ಇಲ್ಲವಾ?" ಅವಳ ಭಯವನ್ನು ತಳ್ಳಿಹಾಕುವಂತಿಲ್ಲ. ಆದರೆ ನಾವು 'ಒಳ್ಳೆಯ ಪ್ರೀತಿಯ ಕಥೆ' ಎಂದು ಯಾವುದನ್ನು ಕರೆಯುತ್ತಾ ಬಂದಿದ್ದೇವೆ ಎಂದು ನೋಡಿದರೆ ನನಗೆ ಅವುಗಳ ಬಗ್ಗೆಯೇ ಹೆಚ್ಚು ಭಯವಾಗುತ್ತದೆ.

ನಾನು ಓದಿದ್ದು ಮೊದಲು ಉರ್ದು ಶಾಲೆಯಲ್ಲಿ, ಆಮೇಲೆ ಕನ್ನಡದಲ್ಲಿ. ಉರ್ದು ನನಗೆ ಕೊಟ್ಟ ಮೊದಲ ಸಾಹಿತ್ಯವೆಂದರೆ ಗಜಲು. ಅದರಲ್ಲಿ ಮೊಹಬ್ಬತ್‌ಗಿಂತ ಇಶ್ಕ್ ದೊಡ್ಡದು, ಇಶ್ಕ್‌ನ ತುದಿಯಲ್ಲಿ ಜುನೂನ್. ಜುನೂನ್ ಎಂದರೆ ಹುಚ್ಚು. ಮಜ್ನೂ ಎಂಬ ಹೆಸರೂ ಅದೇ ಧಾತುವಿನದು, ಜಿನ್ ಹಿಡಿದವನು ಎಂದರ್ಥ. ಕೈಸ್ ಎಂಬ ಹುಡುಗನಿಗೆ ಊರವರು ಇಟ್ಟ ಹೆಸರು ಅದು. 12ನೇ ಶತಮಾನದಲ್ಲಿ ನಿಜಾಮಿ ಆ ಕಥೆಯನ್ನು ಫಾರಸಿಯಲ್ಲಿ ಕಾವ್ಯವಾಗಿಸಿದ ಮೇಲೆ ಬೈಗುಳವಾಗಿದ್ದ ಹೆಸರು ಪದವಿಯಾಗಿಬಿಟ್ಟಿತು. ಸೂಫಿಗಳು ಅದರಲ್ಲಿ ದೇವರ ಹಂಬಲವನ್ನು ಕಂಡರು, ಅದು ಬೇರೆ ಮಾತು. ಆದರೆ ಓಣಿಯ ಹುಡುಗರಿಗೆ ಸೂಫಿಗಳ ಅರ್ಥ ಯಾರು ಹೇಳುತ್ತಾರೆ? ಅವರ ಪಾಲಿಗೆ ಉಳಿದದ್ದು ಇಷ್ಟೇ: ಎಷ್ಟು ಹುಚ್ಚೋ ಅಷ್ಟು ಸಾಚಾ ಪ್ರೀತಿ.

ಕನ್ನಡದ ಕಡೆ ಬಂದರೂ ಇದೇ. 1993ರಲ್ಲಿ ಯಶ್ ಚೋಪ್ರಾ ಅವರ 'ಡರ್' ಬಂತು. ಒಲ್ಲೆನೆಂದ ಹೆಣ್ಣಿನ ಬೆನ್ನು ಹತ್ತುವ ಯುವಕನ ಕಥೆ. ಹೆಸರೇ ಭಯ ಎಂದಿದ್ದರೂ ಜನ ಮೆಚ್ಚಿ ಹೊತ್ತು ಮೆರೆಸಿದ್ದು ಭಯಪಡಿಸಿದವನನ್ನು. ಶಾರುಖ್ ಖಾನ್‌ಗೆ ಹೆಸರು ತಂದ ಪಾತ್ರಗಳಲ್ಲಿ ಅದೂ ಒಂದು. 2000ದಲ್ಲಿ ಅದೇ ಕಥೆ ಡಿ. ರಾಜೇಂದ್ರಬಾಬು ಅವರ ನಿರ್ದೇಶನದಲ್ಲಿ 'ಪ್ರೀತ್ಸೆ' ಎಂದು ಕನ್ನಡಕ್ಕೆ ಬಂತು. ಬೆನ್ನು ಹತ್ತುವವನಾಗಿ ಉಪೇಂದ್ರ, ಗಂಡನಾಗಿ ಶಿವರಾಜಕುಮಾರ್, ಇಬ್ಬರ ನಡುವೆ ಸೋನಾಲಿ ಬೇಂದ್ರೆ. ಚಿತ್ರ ಚೆನ್ನಾಗಿ ಓಡಿತು. ಈಗ ಆ ಹೆಸರನ್ನು ಒಮ್ಮೆ ಬಿಡಿಸಿ ನೋಡಿ. 'ಪ್ರೀತ್ಸೆ' ಎಂಬುದು ಕೇಳಿಕೆಯಲ್ಲ, ಏಕವಚನದ ಅಪ್ಪಣೆ. 'ಬಾರೆ', 'ಕೂರೆ' ಎಂದ ಹಾಗೆ. ಒಬ್ಬ ಹೆಣ್ಣಿಗೆ ಪ್ರೀತಿಸು ಎಂದು ಅಪ್ಪಣೆ ಮಾಡಬಹುದು ಎಂಬುದು ನಮ್ಮ ಕಿವಿಗೆ ಎಷ್ಟು ಸಹಜವಾಗಿತ್ತೆಂದರೆ ಅದರಲ್ಲಿ ಯಾವ ತಪ್ಪೂ ಯಾರಿಗೂ ಕೇಳಿಸಲಿಲ್ಲ.

ಆ ಕಾಲದಲ್ಲಿ ನನ್ನ ಜೊತೆ ಬಸ್ಸಿನಲ್ಲಿ ಕಾಲೇಜಿಗೆ ಬರುತ್ತಿದ್ದ ಒಬ್ಬ ಹುಡುಗಿಯ ನೆನಪು ಇಂದಿಗೂ ಹಸಿಯಾಗಿದೆ. ಒಬ್ಬ ಯುವಕ ಅವಳು ಹತ್ತುವ ಸ್ಟಾಪಿನಲ್ಲಿ ಹತ್ತಿ, ಇಳಿಯುವ ಸ್ಟಾಪಿನಲ್ಲಿ ಇಳಿಯುತ್ತಿದ್ದ. ಮೊದಲು ಚೀಟಿ ಕೊಟ್ಟ. ಅವಳು ಹರಿದು ಹಾಕಿದಳು. ಒಂದು ದಿನ ಮೊಣಕೈವರೆಗೆ ತೋಳು ಮಡಚಿಕೊಂಡು ಬಂದ. ಬ್ಲೇಡಿನಿಂದ ಅವಳ ಹೆಸರು ಕೊರೆದುಕೊಂಡಿದ್ದ. ಬಸ್ಸಿನಲ್ಲಿದ್ದ ಹೆಂಗಸರೊಬ್ಬರು "ಪಾಪ, ಎಷ್ಟು ಪ್ರೀತಿಯೋ ಹುಡುಗನಿಗೆ" ಎಂದರು. ಪಾಪ ಎಂಬ ಮಾತು ಆ ತೋಳಿಗೆ ಸಿಕ್ಕಿತು, ಕಿಟಕಿಯ ಕಡೆ ಮುಖ ಮಾಡಿ ನಡುಗುತ್ತಿದ್ದ ಹುಡುಗಿಗೆ ಸಿಗಲಿಲ್ಲ. ವಿಷಯ ಮನೆಗೆ ಮುಟ್ಟಿದ ಮೇಲೆ ಅವಳ ಕಾಲೇಜು ನಿಂತಿತು, ವರ್ಷದೊಳಗೆ ದೂರದ ಊರಿಗೆ ಮದುವೆಯಾಯಿತು. ಅವನ ಓದು, ಓಡಾಟ ಯಾವುದೂ ನಿಲ್ಲಲಿಲ್ಲ. ಹೀಗೆ ಹಿಂಬಾಲಿಸುವುದೇ ಒಂದು ಅಪರಾಧವೆಂದು ದಂಡ ಸಂಹಿತೆಗೆ 354ಡಿ ಕಲಂ ಸೇರಿದ್ದು 2013ರಲ್ಲಿ, ದಿಲ್ಲಿಯ ಘಟನೆಯಾದ ಮೇಲೆ. 2024ರ ಜುಲೈಯಿಂದ ಅದು ಭಾರತೀಯ ನ್ಯಾಯ ಸಂಹಿತೆಯ 78ನೇ ಕಲಮಾಗಿದೆ. ಅವಳು ಬಸ್ಸಿನಲ್ಲಿ ನಡುಗುತ್ತಿದ್ದಾಗ ಅವಳ ಭಯಕ್ಕೆ ಕಾನೂನಿನಲ್ಲಿ ಆ ಹೆಸರೂ ಇರಲಿಲ್ಲ.

ಇನ್ನು ಹುಬ್ಬಳ್ಳಿಯ ಮಾತು. ಅದನ್ನು ಹೇಳದೆ ಇಂದು ಕರ್ನಾಟಕದಲ್ಲಿ, ಅದೂ ಒಬ್ಬ ಮುಸ್ಲಿಂ ಹೆಣ್ಣುಮಗಳು, ಈ ವಿಷಯ ಬರೆಯಲು ಬರುವುದಿಲ್ಲ. 2024ರ ಏಪ್ರಿಲ್ 18ರಂದು ಬಿವಿಬಿ ಕಾಲೇಜಿನ ಆವರಣದಲ್ಲಿ ಎಂಸಿಎ ವಿದ್ಯಾರ್ಥಿನಿ ನೇಹಾ ಹಿರೇಮಠ ಅವರನ್ನು ಚಾಕುವಿನಿಂದ ಇರಿದು ಕೊಲ್ಲಲಾಯಿತು. ಬಂಧಿತನಾದವನು ಹಿಂದೆ ಸಹಪಾಠಿಯಾಗಿದ್ದ ಮುಸ್ಲಿಂ ಯುವಕ. ಲೋಕಸಭಾ ಚುನಾವಣೆಯ ಹೊತ್ತು. ಸಾವಿಗೆ ಕೂಡಲೇ ಧರ್ಮದ ಹೆಸರು ಬಿತ್ತು. ಧಾರವಾಡದಲ್ಲಿ ಅಂಜುಮನ್-ಎ-ಇಸ್ಲಾಂ ಕರೆಯಂತೆ ಮುಸ್ಲಿಂ ವ್ಯಾಪಾರಿಗಳು ಅರ್ಧ ದಿನ ಅಂಗಡಿ ಮುಚ್ಚಿ ನೇಹಾಗೆ ನ್ಯಾಯ ಕೇಳಿದರು. ಆ ದಿನಗಳಲ್ಲಿ ನಮ್ಮಂಥವರ ಮನೆಗಳಲ್ಲಿ ಎರಡು ದುಃಖಗಳಿದ್ದವು. ಒಂದು, ಆ ಹುಡುಗಿಯದು. ಇನ್ನೊಂದು, ಆ ದುಃಖವನ್ನು ಬಾಯಿಬಿಟ್ಟು ಹೇಳಿದರೂ ನಂಬುವವರಿಲ್ಲ ಎಂಬುದು.

ತಿಂಗಳು ತುಂಬುವುದರೊಳಗೆ, ಮೇ 15ರ ನಸುಕಿನಲ್ಲಿ ಅದೇ ಹುಬ್ಬಳ್ಳಿಯಲ್ಲಿ ಅಂಜಲಿ ಅಂಬಿಗೇರ ಎಂಬ ಯುವತಿಯನ್ನು ಅವರ ಮನೆಯಲ್ಲೇ ಇರಿದು ಕೊಲ್ಲಲಾಯಿತು. ಈ ಬಾರಿ ಬಂಧಿತನಾದವನು ಹಿಂದೂ ಯುವಕ. ನೇಹಾಗೆ ಆದ ಗತಿಯೇ ನಿನಗೂ ಆಗುತ್ತದೆ ಎಂದು ಅವನು ಮೊದಲೇ ಬೆದರಿಸಿದ್ದನೆಂದು ಮನೆಯವರು ದೂರಿದರು. ಎರಡು ಸಾವುಗಳನ್ನು ಧರ್ಮದ ತಕ್ಕಡಿಯಲ್ಲಿ ತೂಗಲು ನಾನು ಇದನ್ನು ಹೇಳುತ್ತಿಲ್ಲ. 'ನೀನು ನನ್ನವಳಾಗದಿದ್ದರೆ ಯಾರವಳೂ ಆಗಬಾರದು' ಎಂಬ ಗೀಳಿಗೆ ಮಂದಿರ ಮಸೀದಿಗಳ ಭೇದವಿಲ್ಲ. ಅದನ್ನು ಒಂದು ಕೋಮಿನ ರೋಗವೆಂದು ಸಾರುತ್ತಾ ಹೋದರೆ ಮತ್ತೊಂದು ಕೋಮಿನ ಹುಡುಗಿಯ ಬಾಗಿಲಿಗೆ ಕಾವಲೇ ಇರುವುದಿಲ್ಲ. ಹಾಗೆಯೇ, ನಮ್ಮ ಮೇಲೆ ಗೂಬೆ ಕೂರಿಸುತ್ತಾರೆ ಎಂಬ ಸಿಟ್ಟಿನಲ್ಲಿ ನಮ್ಮ ಹುಡುಗರ ಒಳಗೆ ಏನಿದೆ ಎಂದು ನಾವು ನೋಡದೆ ಬಿಟ್ಟರೆ, ಅದೂ ಅಷ್ಟೇ ದೊಡ್ಡ ಅನ್ಯಾಯ.

ಹಾಗಾದರೆ ಇಂಥ ಕತ್ತಲೆಯ ಕಥೆಗಳನ್ನು ನೋಡಬೇಕೋ ಬೇಡವೋ? ನಮ್ಮಲ್ಲಿ ಕೆಲವರು ಧರ್ಮದ ಹೆಸರಿನಲ್ಲೇ ಬೇಡ ಎನ್ನುತ್ತಾರೆ. ಅವರಿಗೆ ನಾನು ಕುರ್‌ಆನಿನ 12ನೇ ಅಧ್ಯಾಯ ಸೂರಾ ಯೂಸುಫನ್ನು ನೆನಪಿಸುತ್ತೇನೆ. ಹಜರತ್ ಯೂಸುಫ್ (ಅ) ಅಜೀಜನ ಮನೆಗೆ ಗುಲಾಮರಾಗಿ ಮಾರಾಟವಾಗಿ ಬಂದವರು. ಆ ಮನೆಯೊಡತಿ ಬಾಗಿಲುಗಳನ್ನು ಮುಚ್ಚಿ ಅವರನ್ನು ಕರೆಯುತ್ತಾಳೆ. ಅವರು ಅಲ್ಲಾಹನ ಆಶ್ರಯ ಬೇಡಿ ಬಾಗಿಲಿನತ್ತ ಓಡುತ್ತಾರೆ. ಹಿಂದಿನಿಂದ ಅಂಗಿ ಹರಿಯುತ್ತದೆ. ಬಾಗಿಲಲ್ಲಿ ಅವಳ ಗಂಡ ನಿಂತಿದ್ದಾನೆ. ಆರೋಪ ಓಡಿದವರ ಮೇಲೆಯೇ ಬರುತ್ತದೆ. ಆಗ ಅವಳ ಮನೆಯವರಲ್ಲೇ ಒಬ್ಬ ದಾರಿ ತೋರಿಸುತ್ತಾನೆ: ಅಂಗಿ ಮುಂದಿನಿಂದ ಹರಿದಿದೆಯೋ ಹಿಂದಿನಿಂದ ಹರಿದಿದೆಯೋ ನೋಡಿ. ಅಷ್ಟಾದರೂ ಅವಳು ಬಿಡುವುದಿಲ್ಲ. ಒಪ್ಪದಿದ್ದರೆ ಜೈಲು ಎನ್ನುತ್ತಾಳೆ. ಯೂಸುಫರು ಜೈಲನ್ನೇ ಮೇಲೆಂದುಕೊಳ್ಳುತ್ತಾರೆ.

ಮುಚ್ಚಿದ ಬಾಗಿಲು, ಹುಚ್ಚು ಆಸೆ, ಸುಳ್ಳು ಆರೋಪ, ಬೆದರಿಕೆ ಎಲ್ಲವೂ ಇರುವ ಈ ಕಥೆಯನ್ನು ಕುರ್‌ಆನ್ ಅಡಗಿಸಿಡಲಿಲ್ಲ. ಅತ್ಯುತ್ತಮ ವೃತ್ತಾಂತವೆಂದು ಕರೆದು ಹೇಳಿತು. ಅವಳ ಹೃದಯವನ್ನು ಪ್ರೇಮ ಭೇದಿಸಿತ್ತು ಎಂಬುದನ್ನೂ ಊರ ಹೆಂಗಸರ ಬಾಯಿಂದ ಹೇಳಿಸಿತು. ಆದರೆ ಕಥೆ ನಿಂತದ್ದು ಬಾಗಿಲಿನತ್ತ ಓಡಿದವರ ಪಕ್ಕದಲ್ಲಿ. ಆ ಹೆಂಗಸಿಗೆ ಅಲ್ಲಿ ಹೆಸರೂ ಇಲ್ಲ. ಜುಲೈಖಾ ಎಂಬ ಹೆಸರು, ಅವಳ ವಿರಹ, ಕೊನೆಗೆ ಮಿಲನ, ಇವೆಲ್ಲ ಆಮೇಲಿನ ಕವಿಗಳು ಬೆಳೆಸಿದ್ದು. 15ನೇ ಶತಮಾನದಲ್ಲಿ ಫಾರಸಿಯ ಜಾಮಿ ಬರೆದರು, 17ನೇ ಶತಮಾನದಲ್ಲಿ ನಮ್ಮ ಬಿಜಾಪುರದ ಹಾಶ್ಮಿ ದಖ್ಖನಿಯಲ್ಲಿ ಬರೆದರು. ಕಾವ್ಯಗಳು ಸುಂದರವಾಗಿವೆ, ನಾನೂ ಮೆಚ್ಚುತ್ತೇನೆ. ಆದರೆ ಆ ಸೌಂದರ್ಯದಲ್ಲಿ ಹರಿದ ಅಂಗಿ ಮರೆತುಹೋಗುವ ಅಪಾಯವಿದೆ.

ಯಾವುದೇ ಸಿನಿಮಾ, ಧಾರಾವಾಹಿ, ಅನಿಮೆಗೆ ಹಾಕಬಹುದಾದ ಒರೆಗಲ್ಲು ನನಗೆ ಇಲ್ಲಿ ಸಿಕ್ಕಿತು. ಕತ್ತಲೆ ಎಷ್ಟಿದೆ ಎಂದು ಅಳೆಯುವುದು ಬೇಡ. ಹರಿದ ಅಂಗಿಯನ್ನು ಅದು ನಮಗೆ ತೋರಿಸುತ್ತದೆಯೇ, ಮರೆಸುತ್ತದೆಯೇ ಎಂದು ಕೇಳಿದರೆ ಸಾಕು. 'ಡರ್', 'ಪ್ರೀತ್ಸೆ'ಗಳಲ್ಲಿ ಬೆನ್ನು ಹತ್ತಿದವನು ಕೊನೆಗೆ ಸೋಲುತ್ತಾನೆ ನಿಜ. ಆದರೆ ಅಷ್ಟರಲ್ಲಿ ಹಾಡು, ಕಣ್ಣೀರು, ಚಪ್ಪಾಳೆ ಎಲ್ಲ ಅವನ ಪಾಲಾಗಿರುತ್ತದೆ.

'ಹ್ಯಾಪಿ ಶುಗರ್ ಲೈಫ್' ಈ ಒರೆಗೆ ಅರ್ಧ ನಿಲ್ಲುತ್ತದೆ. ಅದು ನಮ್ಮನ್ನು ಸಾತೋಳ ಕಣ್ಣಿನೊಳಗೆ ಕೂರಿಸುತ್ತದೆ, ಆದರೆ ಅಲ್ಲಿ ಆರಾಮವಾಗಿ ಕೂರಲು ಬಿಡುವುದಿಲ್ಲ. ಮಗುವನ್ನು ಮುಚ್ಚಿಟ್ಟವಳು, ಹುಡುಕುವವನು, ಹಿಂಸೆ ಕೊಡುವವರು, ಎಲ್ಲರೂ ಪ್ರೀತಿಯ ಹೆಸರನ್ನೇ ಹೇಳುತ್ತಾರೆ. ಕೇಳುತ್ತಾ ಕೇಳುತ್ತಾ ನಮಗೆ ಆ ಪದದ ಮೇಲೇ ಗುಮಾನಿ ಬರುತ್ತದೆ. ಅದು ಒಳ್ಳೆಯ ಗುಮಾನಿ. ಕೊನೆಯಲ್ಲಿ ಸಾತೋ ಸಾಯುತ್ತಾಳೆ, ಮಗು ಬದುಕುತ್ತದೆ. ಆದರೆ ಅಣ್ಣನ ಕೈ ಹಿಡಿಯದೆ ಸಾತೋಳ ಮಾತುಗಳನ್ನೇ ತನ್ನದಾಗಿಸಿಕೊಂಡಿರುತ್ತದೆ. ಗೀಳು ಪ್ರೀತಿಸಿದವರ ಜೊತೆ ಸಾಯುವುದಿಲ್ಲ, ಅದಕ್ಕೆ ಸಿಕ್ಕಿದವರ ಒಳಗೆ ಮನೆ ಮಾಡುತ್ತದೆ ಎಂಬುದು ಎದೆ ನಡುಗಿಸುವ ಸತ್ಯ. ಕುಂದುಗಳೂ ಇವೆ. ರಕ್ತಪಾತ ಅಗತ್ಯಕ್ಕಿಂತ ಹೆಚ್ಚು. ಮಕ್ಕಳ ಮೇಲಿನ ದೌರ್ಜನ್ಯವನ್ನು ಕೆಲವೆಡೆ ಬೆಚ್ಚಿಬೀಳಿಸಲಿಕ್ಕೇ ಬಳಸಿದ್ದಾರೆ. ಇಂಥ ನೋವನ್ನು ತಾವೇ ಉಂಡವರು ಇದನ್ನು ನೋಡದಿರುವುದೇ ಒಳ್ಳೆಯದು.

ಒಂದನ್ನೇ ಆರಿಸು ಎಂದರೆ ನಾನು ಇನ್ನೊಂದು ಜಪಾನಿ ಚಿತ್ರವನ್ನು ಮುಂದಿಡುತ್ತೇನೆ: ಸತೋಶಿ ಕೋನ್ ಅವರ ಮೊದಲ ಚಿತ್ರ, 1997ರ 'ಪರ್ಫೆಕ್ಟ್ ಬ್ಲೂ'. ಮಿಮಾ ಎಂಬ ಗಾಯಕಿ ಹಾಡುವುದು ಬಿಟ್ಟು ನಟಿಯಾಗಲು ಹೊರಡುತ್ತಾಳೆ. ಅವಳು ಬದಲಾಗುವುದನ್ನು ಒಬ್ಬ ಅಭಿಮಾನಿ ಸಹಿಸುವುದಿಲ್ಲ. ಅಲ್ಲಿ ಕೂಡ ಹಿಂಸೆಯಿದೆ, ಅದೂ ದೊಡ್ಡವರ ಚಿತ್ರವೇ. ಆದರೆ ನಾವು ಬಹುಪಾಲು ಇರುವುದು ಮಿಮಾಳ ಕೋಣೆಯಲ್ಲಿ, ಅವಳ ಭಯದಲ್ಲಿ. ಬೇರೆಯವರ ಕಣ್ಣಿನಲ್ಲಿ ಬದುಕಬೇಕಾಗಿ ಬಂದವಳು ತಾನು ಯಾರೆಂಬುದನ್ನೇ ಮರೆಯುವುದು ಹೇಗೆ ಎಂಬುದನ್ನು ಇಷ್ಟು ಹತ್ತಿರದಿಂದ ತೋರಿಸಿದ ಸಿನಿಮಾ ನಾನು ಬೇರೆ ಕಂಡಿಲ್ಲ. ಬಸ್ಸಿನ ಕಿಟಕಿಗೆ ಮುಖ ಮಾಡಿದ್ದ ಆ ಹುಡುಗಿಯ ಒಳಗೆ ಏನಾಗುತ್ತಿತ್ತು ಎಂಬುದು ಅದನ್ನು ನೋಡುವಾಗ ನನಗೆ ಹೆಚ್ಚು ಅರ್ಥವಾಯಿತು.

ನನ್ನ ಅಭಿಪ್ರಾಯ ಇಷ್ಟು. ಹದಿನೆಂಟು ದಾಟದವರಿಗೆ ಇವೆರಡೂ ಬೇಡ. ದಾಟಿದವರು ನೋಡಲಿ. ಆದರೆ ನೋಡಿ ಸುಮ್ಮನಾಗಬಾರದು, ಮನೆಯಲ್ಲಿ ಯಾರೊಂದಿಗಾದರೂ ಮಾತಾಡಬೇಕು.

ಇನ್ನೊಂದು ಮಾತನ್ನು ನಮ್ಮ ತಾಯಂದಿರಿಗೆ, ಅಕ್ಕಂದಿರಿಗೆ ಹೇಳಬೇಕು. 'ಇದನ್ನು ನೋಡಬಹುದೇ' ಎಂಬ ಪ್ರಶ್ನೆ ನಮ್ಮ ಮನೆಗಳಲ್ಲಿ ಹೆಣ್ಣುಮಕ್ಕಳ ಬಗ್ಗೆ ಮಾತ್ರ ಏಳುತ್ತದೆ. ಗಂಡುಮಕ್ಕಳು ಬಾಗಿಲು ಹಾಕಿಕೊಂಡು ಏನು ನೋಡುತ್ತಾರೆ, ಅದರಿಂದ ಪ್ರೀತಿಯ ಬಗ್ಗೆ ಏನು ಕಲಿಯುತ್ತಾರೆ ಎಂದು ಯಾರೂ ಕೇಳುವುದಿಲ್ಲ. ಕುರ್‌ಆನ್ ದಂಪತಿಗಳ ಬಗ್ಗೆ ಹೇಳುವಾಗ ಬಳಸುವುದು ಮವದ್ದತ್ ಮತ್ತು ರಹ್ಮತ್ ಎಂಬ ಎರಡು ಪದಗಳನ್ನು, ಅಕ್ಕರೆ ಮತ್ತು ಕರುಣೆ. ಇಶ್ಕ್ ಎಂಬ ಪದ ಕುರ್‌ಆನಿನಲ್ಲಿ ಎಲ್ಲೂ ಇಲ್ಲ. ಬೇಡ ಎಂದವಳ ಬೇಡಕ್ಕೆ ತಲೆಬಾಗಿ ಮನೆಗೆ ಮರಳುವುದೂ ಆ ಕರುಣೆಯ ಒಂದು ರೂಪವೇ. ಇದನ್ನು ಜುಮಾದ ಖುತ್ಬಾದಲ್ಲಿ ಹೇಳಲಿ, ಕಾಲೇಜಿನಲ್ಲಿ ಹೇಳಲಿ. ಅದಕ್ಕೂ ಮೊದಲು ನಾವು ನಮ್ಮ ಮನೆಯ ಗಂಡುಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೇಳೋಣ.