ಬಣ್ಣ ಹಾಕಿಸಲು ಹೋದುದು

ಕ್ಷೇತ್ರಗಳ ಮಹಿಮೆಯನ್ನೂ ಗಿರಿನದಿಗಳ ಸೊಬಗನ್ನೂ ಓದಿ ಸಂತೋಷಪಡುವ ವಾಚಕ ಮಹಾಶಯರು, ಮೋಟಾರು ಗಾಡಿಗಳ ಬೀದಿಯೊಂದರ ವೃತ್ತಾಂತವನ್ನು ಕಂಡು ಹುಬ್ಬೇರಿಸಬಾರದೆಂದು ಮೊದಲೇ ಬೇಡಿಕೊಳ್ಳುತ್ತೇನೆ. ಗಾಡಿಯುಳ್ಳ ಸಾಧಾರಣ ಸಂಸಾರಕ್ಕೆ ಒಂದಲ್ಲ ಒಂದು ದಿನ ಬರುವ ಪ್ರಶ್ನೆಯೊಂದು ನನ್ನನ್ನು ಆ ಬೀದಿಗೆ ಕರೆದೊಯ್ದಿತು. ಹಳೆಯ ಗಾಡಿಗೆ ಅಗ್ಗದ ಅಂಗಡಿಯಲ್ಲಿ ಬಣ್ಣ ಹಾಕಿಸಬಹುದೆ, ಬಾರದೆ? ಎಂಬುದೇ ಆ ಪ್ರಶ್ನೆ.

ನಾನು ತುಮಕೂರಿನಲ್ಲಿ ಉಪಾಧ್ಯಾಯನಾಗಿದ್ದಾಗ 2008ರಲ್ಲಿ ಬಿಳಿಯ ಮಾರುತಿ 800 ಗಾಡಿಯೊಂದನ್ನು ಕೊಂಡೆನು. ಹತ್ತು ವರ್ಷ ಕಳೆಯುವಷ್ಟರಲ್ಲಿ ಅದರ ಮೈಯ ಕಾಂತಿ ಕುಂದಿತು. 2019ರಲ್ಲಿ ಸಮೀಪದ ಶೆಡ್ಡೊಂದರಲ್ಲಿ 9,000 ರೂಪಾಯಿ ತೆತ್ತು ಬಣ್ಣ ಹಾಕಿಸಿದೆನು. ಮೂರನೆಯ ದಿನವೇ ಗಾಡಿ ಮದುವಣಗಿತ್ತಿಯಂತೆ ಹೊಳೆಯುತ್ತ ಮನೆಗೆ ಬಂದಿತು. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಬಾಗಿಲುಗಳ ಕೆಳಅಂಚಿನಲ್ಲಿ ಬೊಕ್ಕೆಗಳೆದ್ದು, ಒಡೆದು, ಒಳಗಿನಿಂದ ಕಂದುಬಣ್ಣದ ತುಕ್ಕು ಇಣಿಕಿತು. ಸ್ವಂತ ಗಾಡಿಯ ನೋಂದಣಿಯನ್ನು ಹದಿನೈದು ವರ್ಷ ತುಂಬಿದ ಮೇಲೆ ನವೀಕರಿಸಬೇಕಷ್ಟೆ. ಆಗ ಗಾಡಿಯನ್ನು ತಪಾಸಣೆಗೆ ಒಪ್ಪಿಸಬೇಕು. ಆದುದರಿಂದ 2023ರ ಬೇಸಗೆಯಲ್ಲಿ ಬಣ್ಣದ ಯೋಚನೆ ಪುನಃ ತಲೆಯೆತ್ತಿತು.

ಈ ನಡುವೆ ಒಂದು ಸಂಜೆ ಏಳು ವರ್ಷದ ನನ್ನ ಮೊಮ್ಮಗಳು, ಅಡಿಗೆಮನೆಯ ಫ್ರಿಜ್ಜಿಗೆ ಅಂಟಿಸಿದ್ದ ಅಯಸ್ಕಾಂತದ ಗಿಳಿಯನ್ನು ತಂದು ಗಾಡಿಯ ಮೈಮೇಲೆ ನಿಲ್ಲಿಸುತ್ತ ಆಡುತ್ತಿದ್ದಳು. “ತಾತ, ಗಿಳಿ ಇಲ್ಲಿ ನಿಲ್ಲೋದೇ ಇಲ್ಲ, ಬಿದ್ದುಬಿಡತ್ತೆ,” ಎಂದು ಕೂಗಿದಳು. ಅವಳು ಸದಾ ಕುಳಿತುಕೊಳ್ಳುವ ಎಡಭಾಗದ ಹಿಂದಿನ ಆಸನದ ಕೆಳಗಿನ ಪಟ್ಟಿ ಅದು. ನಾನು ನಕ್ಕು ಸುಮ್ಮನಾಗುತ್ತಿದ್ದೆನೋ ಏನೋ. ನನ್ನ ಗೃಹಿಣಿ ಮಾತ್ರ, “ಏನೂಂದ್ರೆ, ಕಬ್ಬಿಣ ಇದ್ದಲ್ಲಿ ಅಯಸ್ಕಾಂತ ನಿಲ್ಲಬೇಕಲ್ಲವೆ? ಹಾಗಾದರೆ ಅಲ್ಲಿರೋದು ಏನು?” ಎಂದಳು. ಮೂವತ್ತಾರು ವರ್ಷ ಪಾಠ ಹೇಳಿದವನಿಗೆ ಉತ್ತರ ಹೊಳೆಯಲಿಲ್ಲ. ಮರುವಾರವೇ ದಂಪತಿಗಳಿಬ್ಬರೂ ನೆಲಮಂಗಲದ ಮಾರ್ಗವಾಗಿ ಸುಮಾರು 70 ಕಿಲೋಮೀಟರು ದೂರದ ಬೆಂಗಳೂರಿಗೆ ಹೊರಟು, ಬಸವನಗುಡಿಯಲ್ಲಿರುವ ಅವಳ ತಮ್ಮನ ಮನೆಯಲ್ಲಿ ಇಳಿದುಕೊಂಡೆವು.

ಬೆಂಗಳೂರಿನಲ್ಲಿ ಮೋಟಾರಿನ ವಿಷಯವೆಂದರೆ ಜನ ಕೈತೋರುವುದು ಜೆ.ಸಿ. ರಸ್ತೆಯ ಕಡೆಗೆ. ಮೈಸೂರಿನ ಕೊನೆಯ ಮಹಾರಾಜರಾದ ಶ್ರೀ ಜಯಚಾಮರಾಜೇಂದ್ರ ಒಡೆಯರ ಹೆಸರನ್ನು ಹೊತ್ತ ಈ ರಸ್ತೆಯ ಒಂದು ತುದಿಯಲ್ಲಿ 1935ರಲ್ಲಿ ಕಟ್ಟಿದ ಪುರಭವನದ ಎತ್ತರವಾದ ಕಂಬಗಳಿವೆ; ಅದರ ಬಳಿಯಲ್ಲೇ ಸಂಗೀತ ನಾಟಕಗಳ ತವರಾದ ರವೀಂದ್ರ ಕಲಾಕ್ಷೇತ್ರ; ಇನ್ನೊಂದು ತುದಿಯಲ್ಲಿ ಮಿನರ್ವ ವೃತ್ತ. ಇವುಗಳ ನಡುವೆ ಸರಸ್ವತಿಯ ವೀಣೆಗೆ ಬದಲಾಗಿ ವಿಶ್ವಕರ್ಮನ ಸುತ್ತಿಗೆಯೇ ಮೊಳಗುತ್ತಿರುತ್ತದೆ. ಕನ್ನಡಿ, ದೀಪ, ಹಾರನ್ನು, ಆಸನದ ಹೊದಿಕೆ, ಗಾಜು, ಬೇರಿಂಗು ಎಲ್ಲಕ್ಕೂ ಬೇರೆ ಬೇರೆ ಅಂಗಡಿ. ಅಡ್ಡ ಗಲ್ಲಿಗಳಿಗೆ ತಿರುಗಿದರೆ ಥಿನ್ನರಿನ ಘಾಟು ಮೂಗಿಗೆ ಬಡಿಯುತ್ತದೆ. ತಗಡಿನ ಮಾಡುಗಳ ಕೆಳಗೆ ಟಿಂಕರಿಂಗ್ ಮಾಡುವವರ ಬಡಿತ ಕೇಳಿಸುತ್ತದೆ.

ಮೊದಲು ದೊಡ್ಡ ವರ್ಕ್‌ಷಾಪೊಂದರಲ್ಲಿ ವಿಚಾರಿಸಿದೆವು. ಗಾಜಿನ ಕೋಣೆಯಲ್ಲಿ ಕುಳ್ಳಿರಿಸಿ, ಕಾಫಿ ಕೊಟ್ಟು, 52,000 ರೂಪಾಯಿಯ ಅಂದಾಜುಪಟ್ಟಿಯನ್ನು ಕೈಗಿತ್ತರು. ಗಾಡಿಯನ್ನೇ ಮಾರಿದರೂ ಅಷ್ಟು ಹುಟ್ಟದು. ಬಳಿಕ ಗಲ್ಲಿಯ ಶೆಡ್ಡೊಂದರಲ್ಲಿ ಕೇಳಿದೆವು. ಯಜಮಾನನು ಗಾಡಿಯ ಸುತ್ತ ಒಂದು ಪ್ರದಕ್ಷಿಣೆಯನ್ನೂ ಹಾಕದೆ, “ಹದಿನೈದು ಸಾವಿರ, ಎರಡು ದಿನ,” ಎಂದನು. ಅವನ ಹಿಂದೆ ಹದಿನೆಂಟರ ಪ್ರಾಯದ ಹುಡುಗನೊಬ್ಬನು ಮೂಗಿಗೆ ಕರವಸ್ತ್ರವನ್ನು ಬಿಗಿದುಕೊಂಡು ಬಣ್ಣದ ಮಂಜಿನೊಳಗೆ ನಿಂತಿದ್ದನು. ನನ್ನ ಕೈ ಆಗಲೇ ಜೇಬಿನ ಕಡೆಗೆ ಹೋಗಿದ್ದಿತು. ಗೃಹಿಣಿಯು ಕೈಚೀಲದಿಂದ ಗಿಳಿಯನ್ನು ತೆಗೆದು, “ಇದು ನಿಲ್ಲದ ಜಾಗವನ್ನು ಏನು ಮಾಡುತ್ತೀರಪ್ಪ?” ಎಂದು ಕೇಳಿದಳು. “ಮೇಲೆ ಬಣ್ಣ ಬಂದರೆ ಏನೂ ಕಾಣಲ್ಲ, ಅಮ್ಮ,” ಎಂದು ಉತ್ತರ ಬಂದಿತು. ಅವಳು ನನ್ನ ಮುಖವನ್ನು ನೋಡಿದಳು. ನಾವು ಮುಂದೆ ನಡೆದೆವು.

ಮೂರನೆಯ ಸ್ಥಳದಲ್ಲಿ ನೆರೆತ ಗಡ್ಡದ ಸಾಹೇಬರೊಬ್ಬರು ಮಗನೊಡನೆ ಕೆಲಸ ಮಾಡುತ್ತಿದ್ದರು. ಅವರು ಬೆಲೆಯನ್ನು ಹೇಳಲಿಲ್ಲ. ಗಿಳಿಯನ್ನು ಬೇಡಿ ಪಡೆದು, ಗಾಡಿಯ ಮೈಮೇಲೆಲ್ಲ ಜಾರಿಸಿದರು. ಅದು ಉದುರಿದ ಕಡೆಯಲ್ಲೆಲ್ಲ ಸೀಮೆಸುಣ್ಣದಿಂದ ಗುರುತು ಮಾಡಿದರು. ಬಳಿಕ, “ಸ್ವಾಮಿ, ಅಪ್ಪಣೆಯಾದರೆ,” ಎಂದು ತಿರುಪುಳಿಯ ತುದಿಯನ್ನು ಆ ಎಡಪಟ್ಟಿಗೆ ಒತ್ತಿದರು. ಅದು ಬೆಣ್ಣೆಯೊಳಗೆ ಹೊಕ್ಕಂತೆ ಹಿಡಿಯವರೆಗೂ ಒಳಹೊಕ್ಕಿತು. ತುಕ್ಕು ತಿಂದ ತೂತಿಗೆ ಪುಟ್ಟಿಯನ್ನು ಮೆತ್ತಿ, ಉಜ್ಜಿ, ಮೇಲೆ ಬಿಳಿಯ ಬಣ್ಣ ಬಳಿದಿದ್ದರು! ಪುಟ್ಟಿ ಕಬ್ಬಿಣವಲ್ಲ, ಆದಕಾರಣವೇ ಅಯಸ್ಕಾಂತ ನಿಲ್ಲುತ್ತಿರಲಿಲ್ಲ. ಗಾಡಿಯ ನೆಲಕ್ಕೂ ಬಾಗಿಲಿಗೂ ಆಧಾರವಾದ ಉಕ್ಕಿನ ತೊಲೆಯಂತಹ ಭಾಗ ಅದು. ಪಕ್ಕದಿಂದ ಪೆಟ್ಟು ಬಿದ್ದರೆ ತಡೆಯಬೇಕಾದುದು ಅದೇ. ಅದರ ಮೇಲೆ ನಾಲ್ಕು ವರ್ಷ ಆ ಮಗುವನ್ನು ಕುಳ್ಳಿರಿಸಿಕೊಂಡು ಶಾಲೆಗೂ ದೇವಸ್ಥಾನಕ್ಕೂ ತಿರುಗಿಸಿದ್ದೆನು. ನನ್ನ ಬಾಯಿ ಒಣಗಿತು.

ಭಾರತದ ಕಥೆಯಲ್ಲಿ ಪುರೋಚನನು ಪಾಂಡವರಿಗಾಗಿ ಕಟ್ಟಿದ ಅರಗಿನ ಮನೆ ನೆನಪಿಗೆ ಬಂದಿತು. ಅದರ ಸೊಬಗೆಲ್ಲ ಮೇಲುಲೇಪದಲ್ಲಿತ್ತು, ಮರಣ ಗೋಡೆಯೊಳಗಿತ್ತು. ಬಣ್ಣದವರು ಹೇಳುವ ‘ಲ್ಯಾಕರ್’ ಎಂಬ ಮಾತಿನ ಮೂಲವೂ ಅರಗಿನ ಸಂಸ್ಕೃತನಾಮವಾದ ‘ಲಾಕ್ಷಾ’ ಎಂಬುದೇ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1937ರಲ್ಲಿ, ಮೈಸೂರಿನಲ್ಲಿ ಆರಂಭವಾದ ಬಣ್ಣದ ಕಾರ್ಖಾನೆ ಮೊದಲು ಅರಗಿನ ಹೆಸರನ್ನೇ ಹೊತ್ತಿದ್ದಿತು. ಚುನಾವಣೆಯಲ್ಲಿ ನಮ್ಮ ಬೆರಳಿಗೆ ಹಚ್ಚುವ ಅಳಿಸದ ಶಾಯಿ ಬರುವುದು ಅಲ್ಲಿಂದಲೇ.

ಸಾಹೇಬರು ಚಹಾ ತರಿಸಿ, ಮಕ್ಕಳಿಗೆ ಹೇಳುವಂತೆ ನಮಗೆ ವಿವರಿಸಿದರು. ಕಾರ್ಖಾನೆಯಲ್ಲಿ ಗಾಡಿಯ ಬರಿಯ ಒಡಲನ್ನು ಬಣ್ಣದ ತೊಟ್ಟಿಯಲ್ಲಿ ಮುಳುಗಿಸಿ, ವಿದ್ಯುತ್ತಿನ ಬಲದಿಂದ ಮೊದಲ ಲೇಪವನ್ನು ಮೂಲೆಮೂಲೆಗೂ ಹಿಡಿಸಿ, 150 ಡಿಗ್ರಿಗೂ ಮೀರಿದ ಕಾವಿನಲ್ಲಿ ಬೇಯಿಸುತ್ತಾರೆ. ಆ ಮೇಲೆ ಬಣ್ಣ. ಎಲ್ಲ ಪದರಗಳೂ ಸೇರಿದರೂ ದಪ್ಪ ಸುಮಾರು ಮಿಲಿಮೀಟರಿನ ಹತ್ತನೆಯ ಒಂದು ಭಾಗ, ಎಂದರೆ ಬರೆಯುವ ಕಾಗದದ ಒಂದು ಹಾಳೆಯಷ್ಟು! ರಬ್ಬರು, ತಂತಿ, ಆಸನಗಳನ್ನು ಜೋಡಿಸಿದ ಗಾಡಿ ಅಂತಹ ಕಾವನ್ನು ತಡೆಯಲಾರದು. ಆದುದರಿಂದ ದೊಡ್ಡ ವರ್ಕ್‌ಷಾಪಿನ ಒಲೆಯಲ್ಲಿಯೂ ಕಾವು ಸುಮಾರು 60 ಡಿಗ್ರಿ. ಸಣ್ಣ ಶೆಡ್ಡಿನಲ್ಲಿ ಬರಿಯ ಗಾಳಿಯೇ ಒಲೆ. ಐವತ್ತು ಸಾವಿರ ತೆತ್ತರೂ ಕಾರ್ಖಾನೆಯ ಬಣ್ಣ ಮರಳಿ ಬಾರದು.

“ಹಾಗಾದರೆ ಹೆಚ್ಚಿನ ದುಡ್ಡು ಎಲ್ಲಿಗೆ ಹೋಗುತ್ತದೆ, ಸಾಹೇಬರೆ?” ಎಂದೆನು.

“ಉಪ್ಪುಕಾಗದಕ್ಕೆ, ಸ್ವಾಮಿ,” ಎಂದು ನಕ್ಕರು. ಬಣ್ಣ ಸಿಂಪಡಿಸುವುದು ಒಂದು ಹೊತ್ತಿನ ಕೆಲಸ. ಅದಕ್ಕೆ ಮೊದಲು ಸಡಿಲ ಬಣ್ಣವನ್ನು ಕೆರೆಯಬೇಕು; ತುಕ್ಕು ಹಿಡಿದ ತಗಡನ್ನು ಕತ್ತರಿಸಿ ಹೊಸ ತಗಡನ್ನು ಬೆಸೆಯಬೇಕು; 80ನೆಯ ನಂಬರಿನ ಕಾಗದದಿಂದ ಆರಂಭಿಸಿ 600, 800ರ ನಯವಾದ ಕಾಗದದವರೆಗೆ ಹಂತಹಂತವಾಗಿ ಉಜ್ಜಬೇಕು; ಎಣ್ಣೆ ಜಿಡ್ಡನ್ನು ಒರಸಬೇಕು; ಪ್ರೈಮರು ಹೊಡೆದು ಒಣಗಲು ಬಿಡಬೇಕು; ದೀಪ, ಹಿಡಿ, ರಬ್ಬರುಗಳನ್ನು ಬಿಚ್ಚಿಡಬೇಕು. ಅಗ್ಗದ ಶೆಡ್ಡಿನಲ್ಲಿ ಬಿಟ್ಟುಬಿಡುವುದು ಇವೆಲ್ಲವನ್ನು. ಬಣ್ಣದ ಡಬ್ಬಿ ಎರಡು ಕಡೆಯಲ್ಲಿಯೂ ಒಂದೇ ಇರಬಹುದು.

ನಮ್ಮ ಶಾಸ್ತ್ರಕಾರರು ಸಂಸ್ಕಾರವನ್ನು ಎರಡಾಗಿ ವಿಭಾಗಿಸಿದ್ದಾರೆ: ದೋಷವನ್ನು ಕಳೆಯುವುದು ಒಂದು, ಗುಣವನ್ನು ತುಂಬುವುದು ಇನ್ನೊಂದು. ದೋಷಾಪನಯನವಾಗದ ವಸ್ತುವಿಗೆ ಗುಣಾಧಾನ ನಿಲ್ಲದು. ಇದನ್ನು ಎಷ್ಟೋ ವರ್ಷ ಕರಿಹಲಗೆಯ ಮೇಲೆ ಬರೆದವನು, ಅದರ ಅರ್ಥವನ್ನು ಜೆ.ಸಿ. ರಸ್ತೆಯ ಗಲ್ಲಿಯಲ್ಲಿ ತಿರುಪುಳಿಯ ತುದಿಯಿಂದ ಕಲಿತೆನು.

ಸಾಹೇಬರ ಲೆಕ್ಕ 24,000 ರೂಪಾಯಿ, ಒಂಬತ್ತು ದಿನ. ತಗಡಿನ ಕೆಲಸ, ಸಾಮಾನು, ಕೂಲಿ ಬೇರೆ ಬೇರೆಯಾಗಿ ಬರೆದಿದ್ದಿತು. ಅದರಲ್ಲೊಂದು ಬಾಬು ನನಗೆ ತಿಳಿಯಲಿಲ್ಲ; ‘ಗಾಳಿ ಕೊಳವೆ’ ಎಂದಿತ್ತು. ಗಟ್ಟಿಯಾಗುವುದಕ್ಕೆ ಬಣ್ಣದೊಡನೆ ಬೆರೆಸುವ ಹಾರ್ಡನರಿನಲ್ಲಿ ಐಸೊಸಯನೇಟು ಎಂಬ ದ್ರವ್ಯವುಂಟು. ಅದರ ಆವಿ ಶ್ವಾಸಕೋಶವನ್ನು ಹೊಕ್ಕರೆ ಉಬ್ಬಸ ಹುಟ್ಟುತ್ತದೆ. ಒಮ್ಮೆ ಅಂಟಿದವನಿಗೆ ಮುಂದೆ ಅದರ ಲೇಶವೂ ಆಗದು. ಕರವಸ್ತ್ರ ಅದನ್ನು ತಡೆಯಲಾರದು. ಆದುದರಿಂದ ಮಗನು ಹೊರಗಿನ ಶುದ್ಧವಾದ ಗಾಳಿಯನ್ನು ಕೊಳವೆಯ ಮೂಲಕ ತರುವ ಮುಖಕವಚವನ್ನು ತೊಟ್ಟು ಸಿಂಪಡಿಸುತ್ತಾನೆ. “ನಾನು ಕಲಿಯುವಾಗ ಇದು ಇರಲಿಲ್ಲ,” ಎಂದು ಹೇಳುತ್ತ ಸಾಹೇಬರು ಕೆಮ್ಮಿದರು; ಕೆಮ್ಮು ನಿಲ್ಲುವವರೆಗೆ ಗೋಡೆಯನ್ನು ಹಿಡಿದುಕೊಂಡರು. “ಅವನಿಗೆ ಹೀಗಾಗಬಾರದು. ಅದಕ್ಕೇ ಆ ಕೊಳವೆಯ ಬಾಡಿಗೆಯೂ ನಿಮ್ಮ ಲೆಕ್ಕದಲ್ಲಿದೆ, ಸ್ವಾಮಿ.” ಕರವಸ್ತ್ರ ಕಟ್ಟಿದ್ದ ಆ ಹುಡುಗನು ನನ್ನ ಕಣ್ಣಮುಂದೆ ಬಂದನು. ಹದಿನೈದು ಸಾವಿರಕ್ಕೂ ಇಪ್ಪತ್ತನಾಲ್ಕು ಸಾವಿರಕ್ಕೂ ನಡುವಿನ ಅಂತರದಲ್ಲಿ ಅವನ ಎದೆಯೂ ಒಂದು ಬಾಬು ಎಂಬುದು ಆಗ ತಿಳಿಯಿತು.

ಹಾಗಾದರೆ ಅಗ್ಗದ ಅಂಗಡಿ ಯೋಗ್ಯವೆ? ನನ್ನ ಅನುಭವವನ್ನು ಹೇಳುತ್ತೇನೆ. ತಗಡು ದೃಢವಾಗಿದ್ದು ಬಣ್ಣ ಮಾತ್ರ ಮಾಸಿದ್ದರೆ, ಹಳೆಯ ಗಾಡಿಗೆ ಸಣ್ಣ ಅಂಗಡಿ ಸಾಕು. ಅಲ್ಲಿ ಇಲ್ಲಿ ಕಿತ್ತಳೆಯ ಸಿಪ್ಪೆಯಂತೆ ತರಿತರಿಯಾದರೆ ಕಣ್ಣು ಸಹಿಸಿಕೊಳ್ಳಲಿ. ತುಕ್ಕಿದ್ದರೆ, ಅದನ್ನು ಕತ್ತರಿಸಿ ತೆಗೆಯದವನಿಗೆ ಒಂದು ರೂಪಾಯಿಯನ್ನೂ ಕೊಡಬೇಡಿರಿ. ಕೊಡುವ ಮೊದಲು ಅಯಸ್ಕಾಂತವನ್ನು ಆಡಿಸಿ ನೋಡಿರಿ. ಏನೇನು ಕೆಲಸವೆಂಬುದನ್ನು ಬರೆಸಿಕೊಳ್ಳಿರಿ. ಪ್ರೈಮರು ಹೊಡೆಯುವ ಮೊದಲೊಮ್ಮೆ ಹೋಗಿ ಬರಿಯ ತಗಡನ್ನು ಕಣ್ಣಾರೆ ಕಾಣಿರಿ. ಇದ್ದ ಬಣ್ಣವನ್ನೇ ಹಾಕಿಸುವುದು ಕ್ಷೇಮ. ಬೇರೆ ಬಣ್ಣವಾದರೆ ನೋಂದಣಿಪತ್ರದಲ್ಲಿಯೂ ದಾಖಲು ಮಾಡಿಸಬೇಕಾಗುತ್ತದೆ. ಮತ್ತು ಬಣ್ಣ ಹೊಡೆಯುವವನ ಮೂಗಿಗೆ ಏನು ಕಟ್ಟಿದೆಯೆಂಬುದನ್ನು ನೋಡಲು ಮರೆಯಬೇಡಿರಿ.

ನಾಲ್ಕನೆಯ ದಿನ ಬಸವನಗುಡಿಯಿಂದ ನಡೆದುಹೋಗಿ ಹೊಸದಾಗಿ ಬೆಸೆದ ತಗಡನ್ನು ನೋಡಿ ಬಂದೆನು. ಹತ್ತನೆಯ ದಿನ ಗಾಡಿ ತುಮಕೂರಿಗೆ ಬಂದಿತು, ತಪಾಸಣೆಯೂ ಆಯಿತು. ಹಿಂಬದಿಯ ಮುಚ್ಚಳದ ಅಂಚಿನಲ್ಲಿ ಬಣ್ಣ ಸ್ವಲ್ಪ ಇಳಿದಿದೆ. ಬಿಸಿಲಿನಲ್ಲಿ ನೋಡಿದರೆ ಕಾಣುತ್ತದೆ. ಮೊಮ್ಮಗಳು ಅದನ್ನು ಗಮನಿಸಲಿಲ್ಲ. ಗಾಡಿ ನಿಂತೊಡನೆ ಅಜ್ಜಿಯ ಕೈಚೀಲದಿಂದ ಗಿಳಿಯನ್ನು ಕಸಿದುಕೊಂಡು ಓಡಿ, ತಾನು ಕೂರುವ ಕಡೆಯ ಕೆಳಪಟ್ಟಿಗೆ ಒತ್ತಿ, ಕೈಬಿಟ್ಟು, ಸ್ವಲ್ಪ ಹೊತ್ತು ಉಸಿರು ಹಿಡಿದು ನೋಡಿದಳು. ಗಿಳಿ ನಿಂತಿತು.