ಎರಡು ಹೊತ್ತಿನ ಹಾಲಿನ ನಡುವೆ

ಅರಕೆರೆ ಸೀಮೆಯಲ್ಲಿ ಪ್ರವಾಸದ ವೇಳಾಪಟ್ಟಿ ಬರೆಯುವುದು ಬಸ್ ಡಿಪೋ ಅಲ್ಲ, ಹಾಲಿನ ಡೇರಿ. ಶ್ರೀರಂಗಪಟ್ಟಣ ತಾಲ್ಲೂಕಿನ ಈ ಹೋಬಳಿಯ ಹಳ್ಳಿಗಳಲ್ಲಿ ಕಬ್ಬು, ಭತ್ತದ ಜೊತೆಗೆ ಒಂದೋ ಎರಡೋ ಸೀಮೆಹಸು ಕಟ್ಟದ ಮನೆ ಕಡಿಮೆ. ಕಬ್ಬಿನ ದುಡ್ಡು ಯಾವಾಗ ಬಂದೀತೋ ದೇವರಿಗೇ ಗೊತ್ತು. ಮನೆಯ ಖರ್ಚು ತೂಗಿಸುವುದು ಹಾಲು. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಕರೆದು ಡೇರಿಗೆ ಹಾಕಬೇಕು. ಕ್ಯಾನು ಹೊತ್ತುಕೊಂಡು ಹೋಗಿ ಹಾಕಿ ಬರುವವರು ಯಾರೇ ಇರಲಿ, ಕರೆಯುವವಳು ಸಾಮಾನ್ಯವಾಗಿ ಮನೆಯ ಹೆಂಗಸು. ಊರು ಬಿಟ್ಟು ಹೋಗಿಬರಲು ಆಕೆಗೆ ಸಿಗುವುದು ಈ ಎರಡು ಹೊತ್ತಿನ ನಡುವಿನ ಏಳೆಂಟು ಗಂಟೆ. ಅಷ್ಟರಲ್ಲಿ ಎಲ್ಲಿಯವರೆಗೆ ಹೋಗಿ ತಿರುಗಬಹುದೋ ಅಷ್ಟೇ ಆಕೆಯ ಕರ್ನಾಟಕ.

2023ರ ಜೂನ್ 11ರಂದು ‘ಶಕ್ತಿ’ ಯೋಜನೆ ಜಾರಿಗೆ ಬಂತು. ರಾಜ್ಯದೊಳಗೆ ಸರ್ಕಾರಿ ಸಾರಿಗೆಯ ಸಾಮಾನ್ಯ ಮತ್ತು ಎಕ್ಸ್‌ಪ್ರೆಸ್ ಬಸ್ಸುಗಳಲ್ಲಿ ಹೆಂಗಸರು ಕಾಸು ಬಿಚ್ಚಬೇಕಾಗಿಲ್ಲ. ಗುರುತಿನ ಚೀಟಿ ತೋರಿಸಿದರೆ ಕಂಡಕ್ಟರು ಸೊನ್ನೆ ರೂಪಾಯಿಯ ಟಿಕೆಟ್ ಹರಿದು ಕೊಡುತ್ತಾನೆ. ರಾಜಹಂಸ, ಐರಾವತ, ಸ್ಲೀಪರ್‌ಗಳಿಗೆ ಮಾತ್ರ ಇದು ಅನ್ವಯಿಸದು. 2025ರ ಜುಲೈ ವೇಳೆಗೆ ಇಂಥ ಪ್ರಯಾಣಗಳು 500 ಕೋಟಿ ದಾಟಿದವು. ಬಸ್ಸಿನಲ್ಲಿ ಕಾಲಿಡಲು ಜಾಗವಿಲ್ಲ, ಹೆಂಗಸರೆಲ್ಲ ಕೆಲಸ ಬಿಟ್ಟು ತೀರ್ಥಯಾತ್ರೆ ಹೊರಟರು ಎಂದು ಗೊಣಗಿದವರು ಬಹಳ. ಅಲ್ಲಿಯವರೆಗೆ ಅವರನ್ನು ಮನೆಯಲ್ಲಿ ಹಿಡಿದಿಟ್ಟದ್ದು ಬಸ್ ಚಾರ್ಜು ಒಂದೇ ಎಂಬ ನಂಬಿಕೆ ಆ ಗೊಣಗಾಟದಲ್ಲಿತ್ತು. ಹಸುವಿನ ವಿಷಯ ಅವರ ತಲೆಗೆ ಹೊಳೆದಿರಲಾರದು.

ಆ ಸೀಮೆಯ ಒಂದು ಮನೆಯ ಅತ್ತೆ ಸೊಸೆಯರ ಲೆಕ್ಕ ನೋಡಿದರೆ ಸಂಗತಿ ತಿಳಿಯುತ್ತದೆ. ಅತ್ತೆಗೆ ಅರವತ್ತು ದಾಟಿದೆ. ಸೊಸೆ ಪಿ.ಯು.ಸಿ.ವರೆಗೆ ಓದಿದವಳು. ಮನೆಯಲ್ಲಿ ಎರಡು ಹಸು. ಯೋಜನೆ ಬಂದ ಹೊಸದರಲ್ಲಿ ಇಬ್ಬರೂ ಹೊರಟದ್ದು ಎಲ್ಲರಂತೆ ಶ್ರೀರಂಗಪಟ್ಟಣಕ್ಕೆ. ಅತ್ತೆಗೆ ಆ ಊರು ಹೊಸದೇನಲ್ಲ. ಆದರೆ ಆಕೆ ಅಲ್ಲಿಗೆ ಹೋಗಿದ್ದದ್ದು ಹೆಚ್ಚಾಗಿ ಪಶ್ಚಿಮವಾಹಿನಿಗೆ, ಮನೆಯಲ್ಲಿ ಯಾರಾದರೂ ತೀರಿಕೊಂಡಾಗ, ಅಸ್ಥಿ ಬಿಡುವವರ ಹಿಂದೆ. ಸುಮ್ಮನೆ ನೋಡಲೆಂದು ಹೋದದ್ದು ಅದೇ ಮೊದಲು.

ಶ್ರೀರಂಗನಾಥನ ಗುಡಿ ಗಂಗರ ಕಾಲದ್ದು. 894ರಲ್ಲಿ ತಿರುಮಲಯ್ಯ ಎಂಬವನು ಕಟ್ಟಿಸಿದನೆಂದು ಹೇಳುತ್ತಾರೆ. ಆಮೇಲೆ ಹೊಯ್ಸಳರು, ವಿಜಯನಗರದವರು, ಮೈಸೂರಿನ ಅರಸರು, ಹೈದರ್ ಎಲ್ಲರೂ ಕೈ ಸೇರಿಸಿದ್ದಾರೆ. ಕಾವೇರಿಯ ಹರಿವಿನಲ್ಲಿ ಮೂರು ರಂಗರಲ್ಲಿ ಇವನೇ ಆದಿರಂಗ. ಶಿವನಸಮುದ್ರದವನು ಮಧ್ಯರಂಗ, ತಮಿಳುನಾಡಿನ ಶ್ರೀರಂಗದವನು ಅಂತ್ಯರಂಗ. ಗುಡಿಯ ಸಾಲಿನಲ್ಲಿ ನಿಂತು ದರ್ಶನ ಮುಗಿಸುವ ಹೊತ್ತಿಗೆ ಮಧ್ಯಾಹ್ನವಾಗಿ ಬಾಗಿಲು ಹಾಕುವ ಸಮಯ. ಈ ತಾಪತ್ರಯವನ್ನು ಪ್ರವಾಸೋದ್ಯಮದ ಕರಪತ್ರಗಳು ಹೇಳುವುದಿಲ್ಲ. ಪೂಜೆ ನಡೆಯುವ ದೊಡ್ಡ ದೇವಸ್ಥಾನಗಳೆಲ್ಲ ಮಧ್ಯಾಹ್ನ ಮುಚ್ಚಿ ಸಂಜೆ ನಾಲ್ಕರ ಸುಮಾರಿಗೆ ತೆರೆಯುತ್ತವೆ. ಹಾಲು ಕರೆಯುವವಳಿಗೆ ಬಿಡುವಿರುವ ಹೊತ್ತೇ ದೇವರು ವಿಶ್ರಮಿಸುವ ಹೊತ್ತು; ಅವನು ಕಣ್ಣು ಬಿಡುವಾಗ ಆಕೆ ಊರಿನ ಬಸ್ಸು ಹಿಡಿದಿರಬೇಕು.

ಉಳಿದ ಎರಡು ಗಂಟೆಗೆ ಸಂಗಮ. ದ್ವೀಪವನ್ನು ಬಳಸಿ ಬಂದ ಕಾವೇರಿಯ ಎರಡು ಕವಲುಗಳು ಅಲ್ಲಿ ಮತ್ತೆ ಕೂಡುತ್ತವೆ. ತೆಪ್ಪದವರು ಕೂಗಿ ಕರೆಯುತ್ತಾರೆ. ಬಿದಿರು ಹೆಣೆದ ಬುಟ್ಟಿಗೆ ಹಿಂದೆ ಚರ್ಮ ಹೊದಿಸುತ್ತಿದ್ದರು, ಈಗ ಪ್ಲಾಸ್ಟಿಕ್ ಹಾಳೆ, ಮೇಲೆ ಡಾಂಬರು. ಬಸ್ಸು ಪುಕ್ಕಟೆಯಾದರೂ ತೆಪ್ಪ ಪುಕ್ಕಟೆಯಲ್ಲ. ಹೊಳೆಯ ಮಗ್ಗುಲಲ್ಲೇ ಬಾಳಿದ ಅತ್ತೆ ಅದುವರೆಗೂ ತೆಪ್ಪ ಹತ್ತಿದವಳಲ್ಲ. ಆಚೆ ದಡದಲ್ಲಿ ಕೆಲಸವಿದ್ದರೆ ತಾನೇ ಹತ್ತುವುದು? ನಡುನೀರಿನಲ್ಲಿ ಅಂಬಿಗ ಹುಟ್ಟು ಹಾಕಿ ತೆಪ್ಪವನ್ನು ಗರಗರನೆ ತಿರುಗಿಸಿದಾಗ ಆಕೆ ಸೊಸೆಯ ತೋಳು ಗಟ್ಟಿಯಾಗಿ ಹಿಡಿದು, “ಇಳಿಸಪ್ಪಾ ಸಾಕು” ಎಂದಳು. ದಡಕ್ಕೆ ಬಂದ ಮೇಲೆ, “ಇನ್ನೊಂದು ಸುತ್ತಿಗೆ ಎಷ್ಟು ತಕ್ಕತನಂತೆ ಕೇಳವ್ವ” ಎಂದವಳೂ ಅವಳೇ.

ದೋಣಿಯ ಆಸೆಯುಳ್ಳವರಿಗೆ ರಂಗನತಿಟ್ಟು ಇದೆ. ಪಕ್ಷಿತಜ್ಞ ಸಲೀಂ ಅಲಿಯವರ ಸಲಹೆಯಂತೆ 1940ರಲ್ಲಿ ಪಕ್ಷಿಧಾಮವಾದ ಈ ನಡುಗಡ್ಡೆಗಳು 2022ರಲ್ಲಿ ರಾಮ್‌ಸಾರ್ ಪಟ್ಟಿಗೂ ಸೇರಿದವು. ಬಂಡೆಯ ಮೇಲೆ ಬಾಯಿ ತೆರೆದು ಬಿಸಿಲು ಕಾಯಿಸುವ ಮೊಸಳೆಯನ್ನು ಕೈಯಳತೆಯಲ್ಲಿ ನೋಡಿ ಬರಬಹುದು. ಕನ್ನಂಬಾಡಿ ಕಟ್ಟೆ 124.80 ಅಡಿ ತುಂಬಿ ನೀರು ಬಿಟ್ಟರೆ ಮಾತ್ರ ಅಲ್ಲಿ ದೋಣಿಯೂ ಇಲ್ಲ, ಸಂಗಮದಲ್ಲಿ ತೆಪ್ಪವೂ ಇಲ್ಲ. ಆಷಾಢ ಶ್ರಾವಣದಲ್ಲಿ ಹೊರಡುವವರು ಹೊಳೆಯ ಸಮಾಚಾರ ಕೇಳಿಕೊಂಡು ಹೊರಡುವುದು ಮೇಲು.

ಅರಕೆರೆಯವರಿಗೆ ಮಗ್ಗುಲಲ್ಲೇ ಇರುವ ಬೆರಗು ಸೋಮನಾಥಪುರ. ಬನ್ನೂರಿಗೆ ಹೋಗಿ ಬಸ್ಸು ಬದಲಿಸಿದರೆ ಆಯಿತು. ಹೊಯ್ಸಳರ ಈ ಕೇಶವ ದೇವಾಲಯ 2023ರ ಸೆಪ್ಟೆಂಬರಿನಲ್ಲಿ ಬೇಲೂರು, ಹಳೇಬೀಡುಗಳ ಜೊತೆ ವಿಶ್ವ ಪರಂಪರೆಯ ಪಟ್ಟಿ ಸೇರಿತು. ಮೂರು ಗರ್ಭಗುಡಿ, ನಕ್ಷತ್ರಾಕಾರದ ಜಗಲಿ, ಗೋಡೆಯ ಸುತ್ತ ಆನೆ, ಕುದುರೆ, ರಾಮಾಯಣ, ಭಾರತ. ಕೆತ್ತಿದವರಲ್ಲಿ ಒಬ್ಬನಾದ ಮಲ್ಲಿತಮ್ಮ ಹಲವು ವಿಗ್ರಹಗಳ ಕೆಳಗೆ ತನ್ನ ಹೆಸರು ಬರೆದಿಟ್ಟಿದ್ದಾನೆ. ಇಲ್ಲಿ ಪೂಜೆಯಿಲ್ಲ, ತೀರ್ಥವಿಲ್ಲ. ಪುರಾತತ್ತ್ವ ಇಲಾಖೆಯ ಪ್ರವೇಶ ಟಿಕೆಟ್ ಇದೆ. “ಬಸ್ಸಿಗೆ ದುಡ್ಡಿಲ್ಲ, ಪೂಜೆ ಇಲ್ಲದ ಗುಡೀಗೆ ದುಡ್ಡು! ಚೆನ್ನಾಗದೆ ನ್ಯಾಯ” ಎಂದು ಅತ್ತೆ ಬಾಗಿಲಲ್ಲೇ ನಿಂತಳು. ಒಳಗೆ ಹೋದ ಮೇಲೆ ಆಕೆಯನ್ನು ಹೊರಡಿಸುವುದೇ ಕಷ್ಟವಾಯಿತು. ಮಧ್ಯಾಹ್ನ ಬಾಗಿಲು ಹಾಕುವ ಭಯವಿಲ್ಲ, ಹಿಂದಿನಿಂದ ತಳ್ಳುವವರಿಲ್ಲ. ದೇವರಿಲ್ಲದ ಗುಡಿಯೇ ಹಾಲಿನ ಮನೆಯವರಿಗೆ ಅನುಕೂಲ ಎಂದರೆ ಆಸ್ತಿಕರು ಕ್ಷಮಿಸಬೇಕು.

ಮೇಲುಕೋಟೆ ಇನ್ನೊಂದು ಸುತ್ತು. ಪಾಂಡವಪುರ ದಾಟಿ ಜಕ್ಕನಹಳ್ಳಿಯಲ್ಲಿ ತಿರುಗಿದರೆ ಬೆಟ್ಟದ ದಾರಿ. ರಾಮಾನುಜಾಚಾರ್ಯರು ನೆಲೆಸಿದ್ದ ಊರು, ಪು.ತಿ.ನ. ಅವರ ಹುಟ್ಟೂರು. ಚೆಲುವನಾರಾಯಣನ ದರ್ಶನ, ಕಲ್ಯಾಣಿಯ ಮೆಟ್ಟಿಲ ಮೇಲೆ ಕೂತು ಮನೆಯಿಂದ ತಂದ ರೊಟ್ಟಿ, ಆಮೇಲೆ ಎಲೆಯಲ್ಲಿ ಪುಳಿಯೋಗರೆ. ಯೋಗಾನರಸಿಂಹನ ಬೆಟ್ಟ ಹತ್ತಿದರೆ ಸಂಜೆಯ ಹಾಲು ತಪ್ಪುತ್ತದೆ. ಆದ್ದರಿಂದ ಬೆಟ್ಟ ಒಂದು ಸಲ, ಗುಡಿ ಒಂದು ಸಲ, ಎರಡು ಪ್ರಯಾಣ. ಸೊನ್ನೆ ಟಿಕೆಟ್ಟಿನ ಉಪಕಾರ ಇಲ್ಲಿ ಗೊತ್ತಾಗುತ್ತದೆ. ದುಡ್ಡು ಕೊಟ್ಟು ಹೋದವರು ಎಲ್ಲವನ್ನೂ ಒಂದೇ ದಿನದಲ್ಲಿ ತುರುಕಬೇಕು. ಇವರು ಅರ್ಧ ನೋಡಿ ಎದ್ದು ಬರಬಹುದು.

ಎಂಟು ಗಂಟೆಯ ಗಡಿ ಇರುವುದು ಕೆ.ಆರ್. ಪೇಟೆಯಲ್ಲಿ. ಪಾಂಡವಪುರ, ಚಿನಕುರಳಿ ಮಾರ್ಗವಾಗಿ ಅಲ್ಲಿಗೆ ತಲುಪುವಾಗಲೇ ಹೊತ್ತು ಅರ್ಧ ಕಳೆದಿರುತ್ತದೆ. ಪೇಟೆಯ ಪಕ್ಕದ ಹೊಸಹೊಳಲಿನಲ್ಲಿ ಹದಿಮೂರನೆಯ ಶತಮಾನದ ಲಕ್ಷ್ಮೀನಾರಾಯಣ ಗುಡಿ ಇದೆ. ಸೋಮನಾಥಪುರದ ಒಡಹುಟ್ಟಿನಂಥದ್ದು, ಪೂಜೆಯೂ ನಡೆಯುತ್ತದೆ, ಪ್ರವಾಸಿಗರ ನೂಕುನುಗ್ಗಲಿಲ್ಲ. ಆದರೆ ಬಸ್ ಸ್ಟಾಂಡಿನಿಂದ ಅಲ್ಲಿಯವರೆಗಿನ ಎರಡು ಮೂರು ಕಿಲೋಮೀಟರಿಗೆ ಆಟೋದವನು ಹೇಳಿದ್ದೇ ರೇಟು. ನೂರಾರು ಕಿಲೋಮೀಟರು ಪುಕ್ಕಟೆ ಓಡಾಡುವ ಹೆಂಗಸು ದುಡ್ಡು ಕಳೆದುಕೊಳ್ಳುವುದು ಈ ಕೊನೆಯ ತುಣುಕಿನಲ್ಲಿ. ಬಿಸಿಲಲ್ಲಿ ಮಂಡಿನೋವಿನ ಅತ್ತೆಯನ್ನು ನಡೆಸುವುದೆಂತು? ಇನ್ನೂ ಮುಂದಿರುವ ಕಿಕ್ಕೇರಿಯ ಬ್ರಹ್ಮೇಶ್ವರ (1171), ಐದು ಲಿಂಗಗಳು ಒಂದೇ ಸಾಲಿನಲ್ಲಿರುವ ಗೋವಿಂದನಹಳ್ಳಿ, ಇವು ಹಾಲಿನ ಗಡಿಯ ಆಚೆ ಉಳಿದುಬಿಟ್ಟವು. ಕಿಕ್ಕೇರಿ ಕವಿ ಕೆ.ಎಸ್. ನರಸಿಂಹಸ್ವಾಮಿಯವರ ಊರು. ಪಠ್ಯದಲ್ಲಿ ಅವರನ್ನು ಓದಿದ್ದ ಸೊಸೆಗೆ ನೋಡುವ ಆಸೆ ಬಹಳ ಇತ್ತು. ಕೆ.ಆರ್. ಪೇಟೆಯಲ್ಲಿ ನಿಂತು ಗಡಿಯಾರ ನೋಡಿ ಹಿಂತಿರುಗಿದಳು.

ಸಮುದ್ರದ ಮಾತು ಬಂದದ್ದು ಇದಾದ ಮೇಲೆ. ಅತ್ತೆ ಸಮುದ್ರ ನೋಡಿರಲಿಲ್ಲ. ಅದಕ್ಕೆ ಬೇಕಾದ್ದು ಮೂರು ದಿನ, ಅಂದರೆ ಆರು ಹೊತ್ತಿನ ಹಾಲು. ಅಕ್ಕಪಕ್ಕದವರನ್ನು ಒಂದು ಹೊತ್ತಿಗೆ ಕೇಳಬಹುದು, ಆರು ಹೊತ್ತಿಗೆ ಕೇಳುವುದು ಹೇಗೆ? ಮನೆಯಲ್ಲಿ ಉಳಿದವನು ಮಗ. ಅವನು ಬಂದರೆ ಟಿಕೆಟ್ಟಿಗೆ ದುಡ್ಡು ಬೇಕು. ಆದ್ದರಿಂದ ಅವನು ಹೊರಡುವ ಪ್ರಶ್ನೆಯೇ ಇರಲಿಲ್ಲ. ಆದರೆ ಕರೆಯುವುದು?

“ನಾನು ಕುಂತ್ರೆ ಕೆಂದಹಸ ಒದೀತದೆ ಕಣವ್ವ” ಎಂದ ಅವನು.

“ನನಗೂ ಒದ್ದಿತ್ತು” ಎಂದಳು ತಾಯಿ.

ಎರಡು ವಾರ ದಿನವೂ ಬೆಳಿಗ್ಗೆ ಸೊಸೆ ಪಕ್ಕದಲ್ಲಿ ನಿಂತು ಗಂಡನಿಗೆ ಕರೆಯುವುದನ್ನು ಕಲಿಸಿದಳು. ಅಪರಿಚಿತ ಕೈಗೆ ಹಸು ಸುಲಭವಾಗಿ ಹಾಲು ಇಳಿಸುವುದಿಲ್ಲ. ಮೊದಮೊದಲು ಅವಳ ಹಳೆಯ ಸೀರೆಯ ತುಂಡನ್ನು ಹೆಗಲ ಮೇಲೆ ಹಾಕಿಕೊಂಡು ಕೂರುತ್ತಿದ್ದನಂತೆ. ಊರಿನ ಗಂಡಸರು ನಕ್ಕರು. ನಕ್ಕವರಲ್ಲಿ ಇಬ್ಬರು ಆಮೇಲೆ ಅದನ್ನೇ ಕಲಿಯಬೇಕಾಯಿತು, ಏಕೆಂದರೆ ಅವರ ಮನೆಯವರೂ ಹೊರಟರು.

ಮೈಸೂರಿನಿಂದ ರಾತ್ರಿಯ ಎಕ್ಸ್‌ಪ್ರೆಸ್ ಬಸ್ಸು, ಬೆಳಿಗ್ಗೆ ಧರ್ಮಸ್ಥಳ. ನೇತ್ರಾವತಿಯಲ್ಲಿ ಸ್ನಾನ, ಮಂಜುನಾಥನ ದರ್ಶನ, ಅನ್ನಪೂರ್ಣದಲ್ಲಿ ಊಟ. ಅಲ್ಲಿಯವರೆಗೆ ಸೊನ್ನೆ ಟಿಕೆಟ್ಟು ಚೆನ್ನಾಗಿ ನಡೆಯಿತು. ಕರಾವಳಿಗೆ ಇಳಿದ ಮೇಲೆ ಆಟ ಬೇರೆ. ಮಂಗಳೂರು, ಉಡುಪಿ ಕಡೆ ರಸ್ತೆಯ ತುಂಬ ಖಾಸಗಿ ಬಸ್ಸುಗಳು. ಅವುಗಳಲ್ಲಿ ‘ಶಕ್ತಿ’ ಇಲ್ಲ. ಗುರುತಿನ ಚೀಟಿ ಹಿಡಿದು ನಿಂತವರನ್ನು ಕಂಡಕ್ಟರು ನಗುತ್ತಲೇ ದುಡ್ಡು ಕೇಳಿದ. ಸರ್ಕಾರಿ ಬಸ್ಸಿಗೆ ಕಾಯೋಣವೆಂದರೆ ಕಾದಷ್ಟು ಹೊತ್ತೂ ಹಾಲಿನ ಲೆಕ್ಕಕ್ಕೆ ಸೇರುತ್ತದೆ. ದುಡ್ಡು ಕೊಟ್ಟೇ ಹೋದರು. ಘಟ್ಟ ಇಳಿಯುವವರು ಈ ಬಾಬ್ತಿಗೆ ಒಂದಿಷ್ಟು ಚಿಲ್ಲರೆ ಬೇರೆಯಾಗಿ ಗಂಟು ಕಟ್ಟಿಕೊಳ್ಳಬೇಕು. ಉಡುಪಿಯಲ್ಲಿ ಕನಕನ ಕಿಂಡಿಯಲ್ಲಿ ಕೃಷ್ಣನನ್ನು ನೋಡಿ, ಛತ್ರದಲ್ಲಿ ಮಲಗಿ, ಮಾರನೆಯ ಬೆಳಿಗ್ಗೆ ಮಲ್ಪೆ.

ಕಡಲ ಕಡೆಗೆ ಕಿಟಕಿಯಿರುವ ರೆಸಾರ್ಟುಗಳಲ್ಲಿ ಒಂದು ರಾತ್ರಿಯ ಬಾಡಿಗೆಗೆ ಹಳ್ಳಿಯ ಮನೆಗೆ ತಿಂಗಳ ದಿನಸಿ ಬಂದೀತು. ಮರಳು ಮಾತ್ರ ಎಲ್ಲರದ್ದು. ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗುವ ದೋಣಿಯ ಸಾಲನ್ನು ಇಬ್ಬರೂ ದೂರದಿಂದಲೇ ನೋಡಿದರು. ಅತ್ತೆ ನೀರಿನ ಅಂಚಿನಲ್ಲಿ ನಿಂತು ಅತ್ತ ಇತ್ತ ನೋಡಿ, “ಇದಕ್ಕೆ ಮೆಟ್ಟಿಲು ಇಲ್ವಾ ಮಗ?” ಎಂದು ಕೇಳಿದಳು. ಸೋಪಾನವಿಲ್ಲದ ನೀರಿಗೆ ಇಳಿದು ಆಕೆಗೆ ಗೊತ್ತಿಲ್ಲ.

“ನಮ್ಮ ಕಾವೇರಿ ಇಲ್ಲಿಗೇ ಬರೋದಾ?”

“ಇಲ್ಲ ಅತ್ತೆ, ಅವಳು ಆ ಕಡೆ ಸಮುದ್ರಕ್ಕೆ ಹೋಯ್ತಾಳೆ, ತಮಿಳುನಾಡಲ್ಲಿ.”

“ಹಂಗಾರೆ ಇದ್ಯಾರ ನೀರು?”

ಸೊಸೆ ಹಿಂದಿನ ದಿನ ಮಿಂದ ನೇತ್ರಾವತಿಯ ಹೆಸರು ಹೇಳಿದಳು. ಅತ್ತೆ ಬೊಗಸೆಯಲ್ಲಿ ಎತ್ತಿ ತಲೆಗೆ ಪ್ರೋಕ್ಷಿಸಿಕೊಂಡು, ತುಟಿಗೆ ತಗುಲಿದ ಉಪ್ಪನ್ನು ಸೆರಗಿನಿಂದ ಒರೆಸಿಕೊಂಡು, ಸೀರೆ ಎತ್ತಿಕಟ್ಟಿ ಮೊಣಕಾಲಿನವರೆಗೆ ಇಳಿದಳು. ಹಿಂದಕ್ಕೆ ಕರೆದಷ್ಟೂ ಬರಲಿಲ್ಲ. ಮಂಗಳೂರು, ಸುಳ್ಯ, ಮಡಿಕೇರಿ ದಾರಿಯಾಗಿ ಮೈಸೂರಿಗೆ ಬಂದು ಮನೆ ಸೇರಿದಾಗ ಡೇರಿಯ ಪುಸ್ತಕದಲ್ಲಿ ಮೂರು ದಿನಕ್ಕೆ ಐದು ಲೀಟರು ಕಮ್ಮಿ. ಮಗನ ಮೊಣಕಾಲಿನ ಮೇಲೆ ಗೊರಸಿನ ಗುರುತು. ಹಸುಗಳಿಗೆ ಏನೂ ಆಗಿರಲಿಲ್ಲ.

ಈಗ ಸಿಗಂದೂರಿನ ಮಾತು ನಡೆದಿದೆ. ಲಿಂಗನಮಕ್ಕಿಯ ಹಿನ್ನೀರನ್ನು ಲಾಂಚಿನಲ್ಲಿ, ಬಸ್ಸುಗಳನ್ನೂ ಏರಿಸಿಕೊಂಡು ದಾಟುತ್ತಿದ್ದ ದಾರಿಗೆ 2025ರ ಜುಲೈನಲ್ಲಿ ಸೇತುವೆ ತೆರೆಯಿತು. ಹೊತ್ತು ಉಳಿಯುತ್ತದೆ ಎಂದು ಸೊಸೆಗೆ ಸಮಾಧಾನ, ಲಾಂಚು ತಪ್ಪಿತು ಎಂದು ಅತ್ತೆಗೆ ಬೇಜಾರು. ಕಿಕ್ಕೇರಿಯನ್ನು ಮಗನ ಕೈಗೆ ಒಂದು ಸಂಜೆಯ ಹಾಲು ಒಪ್ಪಿಸಿ ನೋಡಿ ಬಂದದ್ದಾಯಿತು. ನಾಗಮಂಗಲ ತಾಲ್ಲೂಕಿನ ಕಂಬದಹಳ್ಳಿ ಬಾಕಿಯಿದೆ. ಗಂಗರ ಕಾಲದ ಜೈನ ಪಂಚಕೂಟ ಬಸದಿ, ಎದುರಿಗೆ ಎತ್ತರದ ಬ್ರಹ್ಮದೇವರ ಕಂಬ. ಸ್ವಂತ ಜಿಲ್ಲೆಯದೇ ಊರು. ನಾಗಮಂಗಲದವರೆಗೆ ಬಸ್ಸಿಗೆ ಬರವಿಲ್ಲ. ಅಲ್ಲಿಂದ ಆ ಹಳ್ಳಿಗೆ ಹೋಗುವ ಬಸ್ಸು ಎಷ್ಟು ಹೊತ್ತಿಗೆ, ತಿರುಗಿ ಬರುವುದು ಎಷ್ಟು ಹೊತ್ತಿಗೆ ಎಂದು ಸೊಸೆ ಸಿಕ್ಕ ಕಂಡಕ್ಟರುಗಳನ್ನೆಲ್ಲ ವಿಚಾರಿಸುತ್ತಿದ್ದಾಳೆ.