ಅಂಗಡಿಯು ವಿದ್ಯಾರ್ಥಿನಿಲಯವಾಗುವ ಮುನ್ನ

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂದ ಹಿರಿಯರು, ಕಟ್ಟಿದ ಮನೆಯ ಉಪಯೋಗವನ್ನು ಬದಲಿಸಿ ನೋಡು ಎಂಬ ಮಾತನ್ನು ಅದರೊಡನೆ ಸೇರಿಸಲಿಲ್ಲ. ಅವರ ಕಾಲಕ್ಕೆ ಅದರ ಅಗತ್ಯವೂ ಇರಲಿಲ್ಲ. ಹಳ್ಳಿಯ ಮನೆಯ ಪಡಸಾಲೆಯೇ ಬೆಳಿಗ್ಗೆ ಅಂಗಡಿಯಾಗುತ್ತಿತ್ತು, ಸುಗ್ಗಿಯಲ್ಲಿ ಉಗ್ರಾಣವಾಗುತ್ತಿತ್ತು, ಸಂಜೆ ಮಕ್ಕಳಿಗೆ ಪಾಠಶಾಲೆಯಾಗಿ, ರಾತ್ರಿ ಬಂದ ಬಳಗಕ್ಕೆ ಮಲಗುವ ಮನೆಯಾಗುತ್ತಿತ್ತು. ಬಾಗಿಲು ಬೀದಿಗೇ ತೆರೆದಿತ್ತು. ಅಂತಸ್ತಿನ ಮೇಲೆ ಅಂತಸ್ತು ಇರಲಿಲ್ಲ. ಅಪಾಯ ಬಂದರೆ ಎದ್ದು ಅಂಗಳಕ್ಕೆ ನಡೆದರಾಯಿತು. ನಗರದ ಕಟ್ಟಡವು ಅಷ್ಟು ಸರಳವಲ್ಲ. ಅದು ಯಾರಿಗಾಗಿ, ಎಷ್ಟು ಜನರಿಗಾಗಿ, ಯಾವ ಕಾರ್ಯಕ್ಕಾಗಿ ನಿಂತಿದೆಯೆಂಬುದನ್ನು ಮೊದಲೇ ನಿಶ್ಚಯಿಸಿ, ಅದಕ್ಕೆ ತಕ್ಕಂತೆ ಅದರ ಗೋಡೆ, ಬಾಗಿಲು, ಮೆಟ್ಟಿಲುಗಳನ್ನು ಅಳೆಯಬೇಕಾಗುತ್ತದೆ.

ಬೆಂಗಳೂರಿನ ದಕ್ಷಿಣ ಭಾಗವು ಹೀಗೆ ಮೊದಲೇ ಅಳೆದು ಕಟ್ಟಿದ ಊರು. ಜಯನಗರ ಬಡಾವಣೆಗೆ 1948ರಲ್ಲಿ, ಅಂದಿನ ಗವರ್ನರ್ ಜನರಲ್ ಚಕ್ರವರ್ತಿ ರಾಜಗೋಪಾಲಾಚಾರಿಯವರು ಶಂಕುಸ್ಥಾಪನೆ ಮಾಡಿದರು. ಅದರ ನೆನಪಾಗಿ ಅಶೋಕ ಸ್ತಂಭವು ಇಂದಿಗೂ ನಿಂತಿದೆ. ಮುಖ್ಯರಸ್ತೆ, ಅಡ್ಡರಸ್ತೆ, ಬ್ಲಾಕು, ಉದ್ಯಾನ, ಆಟದ ಬಯಲು, ಮಧ್ಯದಲ್ಲಿ ನಾಲ್ಕನೆಯ ಬ್ಲಾಕಿನ ಪೇಟೆ, ಹೀಗೆ ಪ್ರತಿಯೊಂದಕ್ಕೂ ಒಂದು ಸ್ಥಾನವನ್ನು ನಕ್ಷೆಯಲ್ಲಿ ಕಾದಿರಿಸಲಾಯಿತು. ಅಂದಿನ ನಗರ ಸುಧಾರಣಾ ವಿಶ್ವಸ್ಥ ಮಂಡಳಿಯ ಹೊಣೆಯನ್ನು 1976ರಲ್ಲಿ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರವು ವಹಿಸಿಕೊಂಡಿತು. ಬನಶಂಕರಿ, ಜಯಪ್ರಕಾಶ ನಗರ, ಬೈರಸಂದ್ರ-ತಾವರೆಕೆರೆ-ಮಡಿವಾಳ ಗ್ರಾಮಗಳ ಮೊದಲಕ್ಷರಗಳಿಂದ ಹೆಸರು ಪಡೆದ ಬಿ.ಟಿ.ಎಂ. ಬಡಾವಣೆ, ಇವೆಲ್ಲವೂ ಇದೇ ಬಗೆಯ ವಿನ್ಯಾಸದಲ್ಲಿ ಬೆಳೆದವು.

ಆದರೆ ಊರೆಂಬುದು ಕಾಗದದ ಮೇಲಿನ ರೇಖೆಯಂತೆ ನಿಶ್ಚಲವಾಗಿ ಕುಳಿತಿರುವುದಿಲ್ಲ. ಮನೆಯ ಮುಂಭಾಗ ಅಂಗಡಿಯಾಯಿತು. ಅಂಗಡಿಯ ಮೇಲೆ ಕಚೇರಿ ಬಂದಿತು. ಕಚೇರಿ ತೆರವಾದ ಮೇಲೆ ಅಲ್ಲಿಗೆ ಪಾಠ ಹೇಳುವ ಕೇಂದ್ರ ಬಂದಿತು, ಚಿಕಿತ್ಸಾಲಯ ಬಂದಿತು, ಪರಸ್ಥಳದ ತರುಣ ತರುಣಿಯರ ವಸತಿಗೃಹ ಬಂದಿತು. ಈ ಬದಲಾವಣೆಯನ್ನೇ ತಪ್ಪೆನ್ನುವುದು ನ್ಯಾಯವಲ್ಲ. ಅದು ಊರಿನ ಜೀವಂತಿಕೆಯ ಲಕ್ಷಣ. ಬದಲಾದ ಬಾಳಿಗೆ ಕಟ್ಟಡವು ಸಿದ್ಧವಾಗಿದೆಯೇ ಎಂಬುದೊಂದೇ ಕೇಳಬೇಕಾದ ಪ್ರಶ್ನೆ. ನಕ್ಷೆ ಮಂಜೂರಾತಿಯೆಂಬ ವ್ಯವಸ್ಥೆಯು ಕೇಳುವುದೂ ಅದನ್ನೇ.

ಜಯನಗರದ ಮುಖ್ಯರಸ್ತೆಯೊಂದರಲ್ಲಿ ಬಟ್ಟೆಯ ವ್ಯಾಪಾರ ನಡೆಸಿ ಜೀವನವನ್ನು ನೇರ್ಪಡಿಸಿಕೊಂಡ ಹಿರಿಯರೊಬ್ಬರು ಎಪ್ಪತ್ತು ದಾಟಿದ ಮೇಲೆ ವ್ಯಾಪಾರವನ್ನು ನಿಲ್ಲಿಸಿದರು. ಮೂರು ಅಂತಸ್ತಿನ ಕಟ್ಟಡ ಅವರ ಸ್ವಯಾರ್ಜಿತ. ಕೆಳಗೆ ಅಂಗಡಿ, ಮೇಲೆ ಸೀರೆಗಳ ವಿಭಾಗ, ಅದರ ಮೇಲೆ ಲೆಕ್ಕಪತ್ರದ ಕಚೇರಿ, ನೆಲದಡಿಯಲ್ಲಿ ವಾಹನ ನಿಲ್ಲಿಸುವ ನೆಲಮಾಳಿಗೆ. ಬಾಲ್ಯದಲ್ಲಿ ಪರರ ಊರಿನಲ್ಲಿ ಪರರ ಅನ್ನದಿಂದ ಓದಿದವರಾದ್ದರಿಂದ, ಹಳ್ಳಿಯಿಂದ ಬರುವ ಬಡ ವಿದ್ಯಾರ್ಥಿಗಳಿಗೆ ಆ ಕಟ್ಟಡ ವಸತಿಯಾಗಬೇಕು, ಅದರಲ್ಲೊಂದು ದೊಡ್ಡ ಗ್ರಂಥಾಲಯವಿರಬೇಕು ಎಂಬ ಹಂಬಲ ಅವರಿಗಿತ್ತು. ಜೂನ್ ತಿಂಗಳಿನಲ್ಲಿಯೇ ಮಕ್ಕಳನ್ನು ಸೇರಿಸಿಕೊಳ್ಳುವ ಆತುರವೂ ಇತ್ತು. ಸುಣ್ಣಬಣ್ಣ ಮಾಡಿಸಿ ಮಂಚಗಳನ್ನು ಹಾಕಿದರೆ ಸಾಕೆಂದು ಅವರು ಭಾವಿಸಿದ್ದರು.

ಕಟ್ಟಡವನ್ನು ನೋಡಲು ಬಂದ ತರುಣ ಇಂಜಿನಿಯರು ಗೋಡೆಯ ಬಣ್ಣವನ್ನು ನೋಡದೆ ಮೆಟ್ಟಿಲಿನ ಅಗಲವನ್ನು ಅಳೆಯತೊಡಗಿದಾಗ ಹಿರಿಯರಿಗೆ ಬೇಸರವಾಯಿತು.

“ಅಲ್ಲಪ್ಪಾ, ಕಟ್ಟಡ ನನ್ನದು, ಕೊಡುವುದು ದಾನ. ಬಾಡಿಗೆಯ ಆಸೆ ನನಗಿಲ್ಲ. ಇದಕ್ಕೂ ಅಪ್ಪಣೆ ಬೇಕೇ?”

“ಯಜಮಾನರೇ, ಕಟ್ಟಡ ತಮ್ಮದೇ. ಆದರೆ ರಾತ್ರಿ ಇಲ್ಲಿ ಮಲಗುವ ಮಕ್ಕಳು ಬೇರೆಯವರ ಮಕ್ಕಳು. ಅವರ ಪರವಾಗಿ ಯಾರಾದರೂ ಈ ಮೆಟ್ಟಿಲನ್ನು ಅಳೆಯಬೇಕಲ್ಲವೇ?”

ಹಿರಿಯರು ಆ ಮಾತಿಗೆ ಉತ್ತರ ಕೊಡಲಿಲ್ಲ. ಕುರ್ಚಿ ತರಿಸಿ ಇಂಜಿನಿಯರನ್ನು ಕೂರಿಸಿದರು. ಆತ ವಿವರಿಸಿದುದರ ಸಾರಾಂಶವು ಎಲ್ಲ ದಾನಿಗಳಿಗೂ ತಿಳಿದಿರಬೇಕಾದದ್ದು.

ಇಲ್ಲಿ ಎರಡು ಬೇರೆ ಬೇರೆ ಪ್ರಶ್ನೆಗಳಿವೆ. ಮೊದಲನೆಯದು ನೆಲದ್ದು. ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಅಧಿನಿಯಮ, 1961ರ ಪ್ರಕಾರ ನಗರದ ಮಹಾಯೋಜನೆಯಲ್ಲಿ ಪ್ರತಿ ನೆಲಕ್ಕೂ ವಾಸ, ವಾಣಿಜ್ಯ, ಕೈಗಾರಿಕೆ, ಸಾರ್ವಜನಿಕ ಉಪಯೋಗ ಮುಂತಾದ ಒಂದು ವಲಯ ನಿಗದಿಯಾಗಿರುತ್ತದೆ. ಬೆಂಗಳೂರಿಗೆ 1972, 1984, 1995 ಮತ್ತು 2007ರಲ್ಲಿ ಇಂಥ ಯೋಜನೆಗಳು ಒಂದರ ಬಳಿಕ ಒಂದು ಬಂದಿವೆ. ಹೊಸ ಉಪಯೋಗವು ಆ ವಲಯದಲ್ಲಿ, ಆ ಅಗಲದ ರಸ್ತೆಯಲ್ಲಿ ಸಲ್ಲುವುದಾದರೆ ವಲಯವನ್ನು ಬದಲಿಸುವ ಪ್ರಮೇಯವಿಲ್ಲ. ಸಲ್ಲದಿದ್ದರೆ ಅದೇ ಅಧಿನಿಯಮದ 14-ಎ ಪ್ರಕರಣದಂತೆ ನಡೆಯಬೇಕು. ಬದಲಾವಣೆಯು ಸಾರ್ವಜನಿಕ ಹಿತಕ್ಕೆ ಅನುಗುಣವಾಗಿರಬೇಕು. ಪತ್ರಿಕೆಯಲ್ಲಿ ಪ್ರಕಟಿಸಿ ಜನರ ಆಕ್ಷೇಪಣೆಗಳನ್ನು ಆಹ್ವಾನಿಸಬೇಕು. ಸರ್ಕಾರದ ಪೂರ್ವಾನುಮೋದನೆ ದೊರೆಯಬೇಕು. ನೆರೆಮನೆಯವನ ಮಾತಿಗೆ ಕಾನೂನು ಇಲ್ಲಿ ಬೆಲೆ ಕೊಟ್ಟಿದೆ.

ಎರಡನೆಯ ಪ್ರಶ್ನೆ ಕಟ್ಟಡದ್ದು. ನೆಲ ಒಪ್ಪಿದ ಮಾತ್ರಕ್ಕೆ ಗೋಡೆಗಳು ಒಪ್ಪಿದಂತಾಗುವುದಿಲ್ಲ. 1970ರಲ್ಲಿ ಮೊದಲು ಪ್ರಕಟವಾಗಿ 1983, 2005 ಮತ್ತು 2016ರಲ್ಲಿ ಪರಿಷ್ಕೃತಗೊಂಡ ಭಾರತ ರಾಷ್ಟ್ರೀಯ ಕಟ್ಟಡ ಸಂಹಿತೆಯು, ಕಟ್ಟಡಗಳನ್ನು ವಾಸ, ವಿದ್ಯೆ, ಆರೋಗ್ಯ, ಸಭೆ, ಕಚೇರಿ, ಅಂಗಡಿ ಮೊದಲಾದ ಒಂಬತ್ತು ಗುಂಪುಗಳಾಗಿ ವಿಂಗಡಿಸಿದೆ. ಮೇಲಂತಸ್ತಿನ ಅಂಗಡಿಯಲ್ಲಿ ಒಬ್ಬನಿಗೆ 6 ಚದರ ಮೀಟರ್‌ನಂತೆ ಜನಸಂಖ್ಯೆಯನ್ನು ಎಣಿಸಬೇಕು, ತರಗತಿಯಲ್ಲಿ 4ರಂತೆ, ಕುರ್ಚಿ ಹಾಕಿದ ಸಭಾಂಗಣದಲ್ಲಿ 0.6ರಂತೆ. ಹಿರಿಯರ ಕಟ್ಟಡದ ಒಂದು ಅಂತಸ್ತು 240 ಚದರ ಮೀಟರ್. ಸೀರೆ ಕೊಳ್ಳುವವರಾದರೆ ಅಲ್ಲಿ 40 ಜನ. ಪಾಠ ಕೇಳುವವರಾದರೆ 60. ಭಾಷಣ ಕೇಳುವವರಾದರೆ 400! ಗೋಡೆ ಅದೇ, ಬಾಗಿಲು ಅದೇ, ಮೆಟ್ಟಿಲೂ ಅದೇ. ಇಳಿದು ಓಡಬೇಕಾದವರ ಸಂಖ್ಯೆ ಮಾತ್ರ ಹತ್ತು ಪಟ್ಟು.

ಭಾರದ ಲೆಕ್ಕವೂ ಹೀಗೆಯೇ ವಿಚಿತ್ರ. ಭಾರತೀಯ ಮಾನಕದಂತೆ ಅಂಗಡಿಯ ನೆಲವನ್ನು ಚದರ ಮೀಟರಿಗೆ ಸುಮಾರು 400 ಕಿಲೋಗ್ರಾಂ ಭಾರಕ್ಕೆ ವಿನ್ಯಾಸ ಮಾಡಬೇಕು. ತರಗತಿಗೆ 300, ಮಲಗುವ ಕೊಠಡಿಗೆ 200 ಸಾಕು. ಆದರೆ ಪುಸ್ತಕದ ಕಪಾಟುಗಳನ್ನು ಸಾಲಾಗಿ ನಿಲ್ಲಿಸುವ ಗ್ರಂಥಾಲಯಕ್ಕೆ 600 ಬೇಕು. ಮನುಷ್ಯರಿಗಿಂತ ಗ್ರಂಥಗಳೇ ಭಾರವೆಂದು ಇಂಜಿನಿಯರು ಹೇಳಿದಾಗ ಹಿರಿಯರು ಮೊದಲ ಬಾರಿಗೆ ನಕ್ಕರಂತೆ. ಮಕ್ಕಳನ್ನು ಹೊರಲು ಆ ನೆಲಕ್ಕೆ ಶಕ್ತಿಯಿತ್ತು; ಆದರೆ ಇಳಿಸಲು ಮೆಟ್ಟಿಲಿಗೆ ಶಕ್ತಿಯಿರಲಿಲ್ಲ. ಗ್ರಾಹಕನು ಎಚ್ಚರವಾಗಿರುತ್ತಾನೆ, ಹಗಲಿನಲ್ಲಿ ಬರುತ್ತಾನೆ, ಅರ್ಧ ಗಂಟೆಯಲ್ಲಿ ಹೊರಡುತ್ತಾನೆ. ವಿದ್ಯಾರ್ಥಿಯು ನಿದ್ರಿಸುತ್ತಾನೆ. ಹೊಗೆ ಎದ್ದರೆ ಎಚ್ಚರಗೊಂಡು, ಕತ್ತಲೆಯಲ್ಲಿ ದಾರಿ ಹುಡುಕಿ ಇಳಿಯಬೇಕು. ಒಂದೇ ಮೆಟ್ಟಿಲಿದ್ದು ಅದರಲ್ಲಿಯೇ ಹೊಗೆ ತುಂಬಿಕೊಂಡರೆ ಗತಿಯೇನು?

ಇದು ಕೇವಲ ಊಹೆಯ ಭಯವಲ್ಲ. 2004ರ ಜುಲೈ 16ರಂದು ತಮಿಳುನಾಡಿನ ಕುಂಭಕೋಣದ ಶಾಲೆಯೊಂದರಲ್ಲಿ ಅಡಿಗೆಮನೆಯ ಕಿಡಿ ಹುಲ್ಲಿನ ಚಾವಣಿಗೆ ಹತ್ತಿ 94 ಮಕ್ಕಳು ಬಲಿಯಾದರು. ಆ ದುರಂತದ ಬಳಿಕ ಸಲ್ಲಿಕೆಯಾದ ಅರ್ಜಿಯ ಮೇಲೆ 2009ರಲ್ಲಿ ಸರ್ವೋಚ್ಚ ನ್ಯಾಯಾಲಯವು, ವಿದ್ಯೆಯ ಹಕ್ಕಿನಲ್ಲಿಯೇ ಸುರಕ್ಷಿತವಾದ ಶಾಲೆಯ ಹಕ್ಕೂ ಅಡಗಿದೆಯೆಂದು ಸಾರಿತು. ಬೆಂಗಳೂರಿನಲ್ಲಿಯೇ 2010ರ ಫೆಬ್ರವರಿ 23ರಂದು ಹಳೆಯ ವಿಮಾನ ನಿಲ್ದಾಣ ರಸ್ತೆಯ ಕಾರ್ಲ್‌ಟನ್ ಟವರ್ಸ್ ಕಟ್ಟಡದಲ್ಲಿ ಹೊಗೆ ತುಂಬಿ 9 ಜನ ಪ್ರಾಣ ಕಳೆದುಕೊಂಡರು. ಪ್ರಾಣ ಉಳಿಸಿಕೊಳ್ಳಲು ಕಿಟಕಿಯಿಂದ ಜಿಗಿದವರು ಅವರಲ್ಲಿದ್ದರು. 2019ರ ಮೇ 24ರಂದು ಸೂರತ್ತಿನ ವಾಣಿಜ್ಯ ಸಂಕೀರ್ಣವೊಂದರ ಮೇಲಂತಸ್ತಿನ ಪಾಠಕೇಂದ್ರದಲ್ಲಿ ಬೆಂಕಿಗೆ 22 ವಿದ್ಯಾರ್ಥಿಗಳು ತುತ್ತಾದರು. 2024ರ ಜುಲೈ 27ರಂದು ದೆಹಲಿಯ ಹಳೆಯ ರಾಜೇಂದ್ರ ನಗರದಲ್ಲಿ, ಸಾಮಾನು ಇಡಲು ಮತ್ತು ವಾಹನ ನಿಲ್ಲಿಸಲು ಮಂಜೂರಾಗಿದ್ದ ನೆಲಮಾಳಿಗೆಯನ್ನು ಗ್ರಂಥಾಲಯ ಮಾಡಿದ್ದುದರಿಂದ, ಮಳೆಯ ನೀರು ನುಗ್ಗಿ ಮೂವರು ವಿದ್ಯಾರ್ಥಿಗಳು ಮುಳುಗಿ ಸತ್ತರು. ಮಂಜೂರಾದ ನಕ್ಷೆಯಲ್ಲಿ ‘ಉಗ್ರಾಣ’ ಎಂದು ಬರೆದಿದ್ದ ಒಂದು ಪದಕ್ಕೆ ಅಷ್ಟು ಅರ್ಥವಿತ್ತು.

ಉದ್ದೇಶ ಒಳ್ಳೆಯದಾದರೆ ನಿಯಮ ಸಡಿಲವಾಗಬೇಕೆಂಬ ಭಾವನೆ ಸಜ್ಜನರಲ್ಲಿಯೂ ಉಂಟು. ಅದಕ್ಕೆ ಉತ್ತರವು ಬೆಂಗಳೂರಿನ ಉತ್ತರ ಭಾಗದ ಸದಾಶಿವನಗರದಿಂದ ಬಂದಿತು. ಅಲ್ಲಿ ಉದ್ಯಾನಕ್ಕೆಂದು ಕಾದಿರಿಸಿದ್ದ ನೆಲವನ್ನು ಆಸ್ಪತ್ರೆ ಕಟ್ಟಲು ಒಂದು ಖಾಸಗಿ ವಿಶ್ವಸ್ಥ ಸಂಸ್ಥೆಗೆ ಹಂಚಲಾಗಿತ್ತು. ಬಡಾವಣೆಯ ನಿವಾಸಿಗಳು ನ್ಯಾಯಾಲಯಕ್ಕೆ ಹೋದರು. 1991ರಲ್ಲಿ ಸರ್ವೋಚ್ಚ ನ್ಯಾಯಾಲಯವು ಮುದ್ದಪ್ಪ ಮೊಕದ್ದಮೆಯಲ್ಲಿ ಆ ಹಂಚಿಕೆಯನ್ನು ಒಪ್ಪಲಿಲ್ಲ. ಆಸ್ಪತ್ರೆ ಒಳ್ಳೆಯದೇ, ಆದರೆ ನಕ್ಷೆಯಲ್ಲಿ ಊರಿಗೆ ಕೊಟ್ಟ ಮಾತನ್ನು ಒಂದು ಒಳ್ಳೆಯ ಉದ್ದೇಶದ ಹೆಸರಿನಲ್ಲಿಯೂ ಮುರಿಯಲಾಗದು ಎಂಬುದು ಅದರ ತಾತ್ಪರ್ಯ.

ಕಚೇರಿಗಳಿಗೆ ಅಲೆಯುವ ಕಷ್ಟ ಸುಳ್ಳಲ್ಲ. ಕ್ರಯಪತ್ರ, ಖಾತೆ, ಕಂದಾಯದ ರಸೀದಿ, ಹಿಂದಿನ ಮಂಜೂರಾದ ನಕ್ಷೆ, ಸ್ವಾಧೀನಾನುಭವ ಪತ್ರ, ರಚನಾ ಇಂಜಿನಿಯರರ ಪ್ರಮಾಣಪತ್ರ, ಅಗತ್ಯವಿದ್ದೆಡೆ ಅಗ್ನಿಶಾಮಕ ಇಲಾಖೆಯ ಒಪ್ಪಿಗೆ, ಹೀಗೆ ಪಟ್ಟಿ ಬೆಳೆಯುತ್ತದೆ. ಕಚೇರಿಯ ಹೆಸರುಗಳೂ ಬದಲಾಗುತ್ತಿರುತ್ತವೆ: 2007ರಲ್ಲಿ ರೂಪುಗೊಂಡ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯು 2025ರ ಸೆಪ್ಟೆಂಬರಿನಲ್ಲಿ ಐದು ನಗರ ಪಾಲಿಕೆಗಳಿಗೂ ಅವುಗಳ ಮೇಲಣ ಗ್ರೇಟರ್ ಬೆಂಗಳೂರು ಪ್ರಾಧಿಕಾರಕ್ಕೂ ಎಡೆಮಾಡಿಕೊಟ್ಟಿತು. ಈ ಬಳಲಿಕೆಯಿಂದಲೇ ಅನೇಕರು ‘ಮೊದಲು ಆರಂಭಿಸೋಣ, ಆಮೇಲೆ ಸಕ್ರಮ ಮಾಡಿಸೋಣ’ ಎನ್ನುತ್ತಾರೆ. ಆ ಭರವಸೆಯೂ ಗಟ್ಟಿಯಾದುದಲ್ಲ. ರಾಜ್ಯದ ಅಕ್ರಮ-ಸಕ್ರಮ ಯೋಜನೆಗೆ ಸರ್ವೋಚ್ಚ ನ್ಯಾಯಾಲಯವು 2017ರ ಜನವರಿಯಲ್ಲಿ ತಡೆಯಾಜ್ಞೆ ನೀಡಿತು; 2024ರ ಡಿಸೆಂಬರಿನಲ್ಲಿ ಅದೇ ನ್ಯಾಯಾಲಯವು ಸ್ವಾಧೀನಾನುಭವ ಪತ್ರವಿಲ್ಲದ ಕಟ್ಟಡಗಳಿಗೆ ವಿದ್ಯುತ್ತು, ನೀರಿನ ಸಂಪರ್ಕ ಕೊಡಬಾರದೆಂದು ನಿರ್ದೇಶಿಸಿತು. ಅಲ್ಲದೆ, ದಂಡ ಕಟ್ಟಿ ಕಾಗದವನ್ನು ಸಕ್ರಮಗೊಳಿಸಬಹುದು; ಇಕ್ಕಟ್ಟಾದ ಮೆಟ್ಟಿಲು ದಂಡದ ಹಣದಿಂದ ಅಗಲವಾಗುವುದಿಲ್ಲ.

ಆ ಹಿರಿಯರು ಜೂನ್ ತಿಂಗಳಿನಲ್ಲಿ ವಿದ್ಯಾರ್ಥಿನಿಲಯವನ್ನು ತೆರೆಯಲಿಲ್ಲ. ಬಂಧುಗಳು ಒತ್ತಾಯಿಸಿದರು, ಸ್ಥಳ ಕೇಳಿ ಬಂದ ತಂದೆತಾಯಿಗಳು ಕಣ್ಣೀರಿಟ್ಟರು. ಅವರನ್ನು ಬರಿಗೈಯಲ್ಲಿ ಕಳುಹಿಸುವುದು ಹಿರಿಯರಿಗೆ ಸುಲಭವಾಗಿರಲಿಲ್ಲ. ಆ ವರ್ಷ ಕೆಲವರು ಮಕ್ಕಳಿಗೆ ಬೇರೆಡೆ ಕೊಠಡಿಯ ಬಾಡಿಗೆಯನ್ನು ತಾವೇ ಕೊಟ್ಟರು. ಕಟ್ಟಡದ ಹಿಂಬದಿಯಲ್ಲಿ, ನಿಯಮದಂತೆ ಬಿಡಬೇಕಾದ ಸ್ಥಳವನ್ನು ಆಕ್ರಮಿಸದೆ, ಒಳಗಿನ ಒಂದು ಕೊಠಡಿಯನ್ನೇ ಬಿಟ್ಟುಕೊಟ್ಟು ಎರಡನೆಯ ಮೆಟ್ಟಿಲು ಎದ್ದಿತು. ಹತ್ತು ಹನ್ನೆರಡು ಮಂಚಗಳ ಸ್ಥಳ ಅದಕ್ಕೆ ಹೋಯಿತು. ಗ್ರಂಥಾಲಯವು ನೆಲಮಾಳಿಗೆಯ ಕಂಬಗಳ ಬಲವನ್ನು ಪರೀಕ್ಷಿಸಿ, ತೊಲೆಗಳನ್ನು ಬಲಪಡಿಸಿದ ಮೇಲೆ ಕೆಳ ಅಂತಸ್ತಿಗೆ ಬಂದಿತು. ನೆಲಮಾಳಿಗೆಯು ವಾಹನಗಳಿಗೇ ಉಳಿಯಿತು. ಹೊಸ ಉಪಯೋಗವನ್ನು ತೋರಿಸುವ ನಕ್ಷೆ ಮಂಜೂರಾಗಿ ಬಂದ ಮರುವರ್ಷ ಮಕ್ಕಳು ಬಂದರು. ಎಣಿಸಿದ್ದಕ್ಕಿಂತ ಕಡಿಮೆ ಮಕ್ಕಳು. ಆದರೆ ನಿಶ್ಚಿಂತೆಯಿಂದ ನಿದ್ರಿಸುವ ಮಕ್ಕಳು.

ವಿದ್ಯಾಸಂಸ್ಥೆಗಳಿಗೆ ಕಟ್ಟಡ ಕೊಡುವ ದಾನಿಗಳು ಕ್ರಯಪತ್ರದೊಡನೆ ಮಂಜೂರಾದ ನಕ್ಷೆಯನ್ನೂ ಕೊಡುವುದು ಉಚಿತ. ಪಡೆಯುವ ಸಂಸ್ಥೆಗಳು ಕೃತಜ್ಞತೆಯೊಡನೆ ಅದನ್ನು ಕೇಳಲು ಸಂಕೋಚಪಡದಿರುವುದೂ ಅಷ್ಟೇ ಉಚಿತ. ಅಧ್ಯಾಪಕರು ವರ್ಷಕ್ಕೊಮ್ಮೆ ತಮ್ಮ ತರಗತಿಯಿಂದ ಬಯಲಿಗೆ ಎಷ್ಟು ಹೆಜ್ಜೆಗಳೆಂದು ಮಕ್ಕಳೊಡನೆ ನಡೆದು ನೋಡಬಹುದು. ಬೀಗ ಹಾಕಿದ ಎರಡನೆಯ ಬಾಗಿಲು ಇದ್ದರೆ ಅದರ ಬೀಗವನ್ನು ಅಂದೇ ತೆಗೆಸಬಹುದು. ದಾನಶಿಲೆಯ ಮೇಲೆ ಕೊಟ್ಟವರ ಹೆಸರು ಕೆತ್ತಲ್ಪಡುತ್ತದೆ; ನಕ್ಷೆಯ ಮೇಲೆ ಯಾರ ಹೆಸರೂ ಕಾಣದ ಮಕ್ಕಳ ಕ್ಷೇಮ ಬರೆಯಲ್ಪಡುತ್ತದೆ. ಎರಡೂ ಸೇರಿದಾಗ ಮಾತ್ರ ಕೊಟ್ಟದ್ದು ಪೂರ್ಣವಾಗುತ್ತದೆ.